ಕರ್ಚೀಫು ಮಾಸ್ಕ್ ಅಲ್ಲ

ಮೊನ್ನೆ ಹಳೇ ಆಫೀಸ್ ಬ್ಯಾಗನ್ನು ತಲೆಕೆಳಗು ಮಾಡಿ ಕೊಡವಿದಾಗ ಒಳಜೇಬಿನಿಂದ ಮೂರು ವಸ್ತು ಉದುರಿದವು. ಹತ್ತು ರೂಪಾಯಿಯ ಒಂದು ನೀಲಿ ಮಾಸ್ಕು, ನಾಲ್ಕು ಮಡಿಕೆಯ ಒಂದು ಬಿಳಿ ಕರ್ಚೀಫು, ಮತ್ತು ಇನ್ನೂರು ರೂಪಾಯಿಯ ಒಂದು ರಸೀದಿ. ರಸೀದಿಯಲ್ಲಿ ನನ್ನ ಹೆಸರು ಅಳಿಸಿದೆ, ತಾರೀಕು ಅಳಿಸಿದೆ, ಅಪರಾಧದ ವಿವರವೂ ಅಳಿಸಿದೆ. 200 ಎಂಬ ಅಂಕೆ ಮಾತ್ರ ನಿನ್ನೆ ಬರೆದಂತಿದೆ.

"ಇದನ್ನು ಎಸೆಯುವುದಾ, ಫ್ರೇಮ್ ಹಾಕಿಸುವುದಾ?" ಎಂದು ಹೆಂಡತಿ ಕೇಳಿದಳು. ಫ್ರೇಮಿಗೆ ಇನ್ನೂರೈವತ್ತು ಆಗುತ್ತದೆ ಎಂದು ಬಿಟ್ಟೆ.

ಈ ಮೂರು ವಸ್ತುಗಳಿಗೂ ಒಂದಕ್ಕೊಂದು ನಂಟು ಉಂಟು. ಅದು ಗೊತ್ತಾಗಬೇಕಾದರೆ ಮುಂಬಯಿಯ ಲೋಕಲ್ ರೈಲಿನಲ್ಲಿ ಕರ್ಚೀಫಿನ ಸ್ಥಾನಮಾನ ಏನೆಂದು ಮೊದಲು ತಿಳಿಯಬೇಕು. ಊರಿನಲ್ಲಿ ಕರ್ಚೀಫು ಎಂದರೆ ಮೂಗು ಒರೆಸುವ ಬಟ್ಟೆ. ಇಲ್ಲಿ ಮೂಗು ಒರೆಸುವುದು ಅದರ ಕಟ್ಟಕಡೆಯ ಕೆಲಸ. ಬೆಳಗ್ಗೆ ಕಾಲರಿಗೂ ಕುತ್ತಿಗೆಗೂ ನಡುವೆ ಸಿಕ್ಕಿಸಿಕೊಂಡರೆ ಬೆವರು ಹೀರುತ್ತದೆ. ಸೀಟಿನ ಮೇಲೆ ಯಾರೋ ಚೆಲ್ಲಿದ ಚಹಾ ಇದ್ದರೆ ಚಾಪೆಯಾಗುತ್ತದೆ. ನಾಲ್ವರು ಎದುರುಬದುರು ಕೂತು ಮೊಣಕಾಲ ಮೇಲೆ ಬ್ರೀಫ್‌ಕೇಸ್ ಇಟ್ಟು ಇಸ್ಪೀಟಾಡುವಾಗ ಮೇಜುಬಟ್ಟೆಯಾಗುತ್ತದೆ. ಪಶ್ಚಿಮ ಲೈನಿನಲ್ಲಿ ಬಾಂದ್ರಾ ಬಿಟ್ಟು ಗಬ್ಬು ನಾರುವ ಮಾಹಿಮ್ ಖಾಡಿಯ (ಹಿನ್ನೀರಿನ) ಮೇಲೆ ಗಾಡಿ ಬಂತೋ, ಇಡೀ ಡಬ್ಬಾ, ಅಂದರೆ ಬೋಗಿ, ಏಕಕಾಲಕ್ಕೆ ಕರ್ಚೀಫನ್ನು ಮೂಗಿಗೇರಿಸುತ್ತದೆ. ಸೇತುವೆ ದಾಟಿತೋ, ಏಕಕಾಲಕ್ಕೆ ಇಳಿಸುತ್ತದೆ. ಅದಕ್ಕೆ ಸುತ್ತೋಲೆ ಇಲ್ಲ, ದಂಡ ಇಲ್ಲ, ದಂಡ ವಸೂಲು ಮಾಡುವ ಪಾಲಿಕೆಯ ಮಾರ್ಷಲ್ ಇಲ್ಲ. ಮೂಗು ಮುಚ್ಚುವ ಶಿಸ್ತನ್ನು ನಮಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆ ಕೊರೊನಾ ವೈರಸ್ಸಿಗೆ ಸ್ವಲ್ಪ ವಾಸನೆ ಇದ್ದಿದ್ದರೆ ಸಾಕಿತ್ತು.

ಕರ್ಚೀಫಿಗೆ ಇದೆಲ್ಲಕ್ಕಿಂತ ದೊಡ್ಡದಾದ ಇನ್ನೊಂದು ಕೆಲಸ ಉಂಟು. ಅದಕ್ಕೆ ಆಮೇಲೆ ಬರುತ್ತೇನೆ.

2020ರ ಮಾರ್ಚ್ ಕೊನೆಗೆ ನಿಂತ ಲೋಕಲ್ಲು ಜೂನ್ 15ಕ್ಕೆ ಅತ್ಯಾವಶ್ಯಕ ಸೇವೆಯವರಿಗಾಗಿ ಮತ್ತೆ ಹೊರಟಿತು. ಸುಮಾರು 1,200 ಜನ ಕೂರುವ ಗಾಡಿಯಲ್ಲಿ 700 ಜನ ಮಾತ್ರ ಹೋಗಬೇಕು ಎಂದು ರೈಲ್ವೆ ಹೇಳಿತು. ನಾವು ಡೊಂಬಿವಲಿಯವರು ಆ ಸುದ್ದಿಯನ್ನು ಎರಡೆರಡು ಸಲ ಓದಿದೆವು. ನಮ್ಮ ಬೆಳಗಿನ ಫಾಸ್ಟಿಗೆ ಏಳುನೂರು ಜನ ಎಂದರೆ ಪ್ಲಾಟ್‌ಫಾರ್ಮಿನಲ್ಲಿ ಹತ್ತಲಾಗದೆ ಉಳಿದವರ ಲೆಕ್ಕ. ಸೀಟುಗಳ ಮೇಲೆ ಒಂದು ಬಿಟ್ಟು ಒಂದಕ್ಕೆ ಕಾಟು ಹಾಕಿ ಸ್ಟಿಕ್ಕರ್ ಅಂಟಿಸಿದ್ದರು. ಮೂವರ ಬೆಂಚಿನಲ್ಲಿ ನಾಲ್ಕನೆಯವನಾಗಿ ಅರ್ಧ ಅಂಡು ಊರುವುದಕ್ಕೆ ಒಂದು ಇಡೀ ಜನ್ಮ ತರಬೇತಿ ಪಡೆದವರಿಗೆ ಮಧ್ಯದ ಸೀಟು ಖಾಲಿ ಬಿಡಿ ಎಂದರೆ ಏನನಿಸಬೇಡ? ಹಸಿದವನೆದುರು ಬಾಳೆ ಎಲೆ ಹಾಕಿ, ನಡುವಿನ ಅನ್ನ ಮಾತ್ರ ಮುಟ್ಟಬೇಡ ಎಂದ ಹಾಗೆ.

ಜನಸಾಮಾನ್ಯರಾದ ನಮ್ಮನ್ನು ಒಳಗೆ ಬಿಟ್ಟದ್ದು 2021ರ ಫೆಬ್ರವರಿ 1ರಿಂದ, ಅದೂ ಗಂಟೆ ನೋಡಿ. ಬೆಳಗ್ಗೆ ಮೊದಲ ಗಾಡಿಯಿಂದ 7ರವರೆಗೆ, ಮಧ್ಯಾಹ್ನ 12ರಿಂದ 4, ರಾತ್ರಿ 9ರ ಮೇಲೆ. ನನ್ನ ಆಫೀಸು ಒಂಬತ್ತೂವರೆಗೆ. ಏಳರೊಳಗೆ ಹೊರಟವನು ಎಂಟಕ್ಕೆಲ್ಲ ಮುಂಬಯಿಯ ಫೋರ್ಟ್ ಪ್ರದೇಶದ ಫುಟ್‌ಪಾತಿನಲ್ಲಿ, ಮುಚ್ಚಿದ ಶಟರಿನೆದುರು ಮಾಸ್ಕು ಹಾಕಿ ಕೂತಿರುತ್ತಿದ್ದೆ. ಒಬ್ಬ ಪುಣ್ಯಾತ್ಮ ಪಕ್ಕದಲ್ಲಿ ಎರಡು ರೂಪಾಯಿ ಇಟ್ಟು ಹೋದ. ಮಾಸ್ಕಿನ ಕೃಪೆ, ನನ್ನ ಗುರುತು ಸಿಕ್ಕಿರಲಾರದು.

ಆಮೇಲೆ ಎರಡನೇ ಅಲೆ, ಮತ್ತೆ ಬಾಗಿಲು ಬಂದ್, ಮತ್ತೆ ಆಗಸ್ಟ್ 15ರಿಂದ ಎರಡೂ ಡೋಸ್ ಆಗಿ ಹದಿನಾಲ್ಕು ದಿನ ಕಳೆದವರಿಗೆ ಮಾತ್ರ ಪಾಸು. ಅಷ್ಟರಲ್ಲಿ ಸ್ಟಿಕ್ಕರುಗಳು ಹರಿದುಹೋಗಿದ್ದವು, ನಾಲ್ಕನೆಯವನು ಬೆಂಚಿನ ತುದಿಗೆ ಹಿಂದಿರುಗಿದ್ದ, ಬಾಗಿಲಲ್ಲಿ ಜೋತವರು ಜೋತಿದ್ದರು. ಉಳಿದಿದ್ದು ಒಂದೇ ನಿಯಮ: ಮಾಸ್ಕು. ರೈಲಿನಲ್ಲೂ ನಿಲ್ದಾಣದಲ್ಲೂ ಅದಿಲ್ಲದಿದ್ದರೆ 500 ರೂಪಾಯಿವರೆಗೆ ದಂಡ ಎಂದು ರೈಲ್ವೆ ಆ ವರ್ಷದ ಏಪ್ರಿಲ್‌ನಲ್ಲೇ ಸಾರಿತ್ತು. ಸ್ಪೀಕರ್ ಮಾತ್ರ ತನ್ನ ಹಳೇ ಪಾಠ ಬಿಟ್ಟಿರಲಿಲ್ಲ. ಒಬ್ಬನ ಮೊಣಕೈ ನನ್ನ ಪಕ್ಕೆಯಲ್ಲಿ, ಇನ್ನೊಬ್ಬನ ಟಿಫಿನ್ ಡಬ್ಬಿ ನನ್ನ ಬೆನ್ನಿನಲ್ಲಿ, ಮೇಲಿನಿಂದ ಒಂದು ಇಂಪಾದ ಹೆಣ್ಣುದನಿ: "ದೋ ಗಜ್ ಕೀ ದೂರಿ, ಮಾಸ್ಕ್ ಹೈ ಜರೂರಿ."

ನಮ್ಮ ಡಬ್ಬಾದ ಕನ್ನಡ ಮೂಲೆಯಲ್ಲಿ ಈ ದೋ ಗಜದ ಮೇಲೆ ಒಂದು ದಿನ ದೊಡ್ಡ ಚರ್ಚೆಯಾಯಿತು. ದಾದರಿನಲ್ಲಿ ಈಗಲೂ ಗಣಿತದ ಕ್ಲಾಸು ತೆಗೆದುಕೊಳ್ಳುವ ಧಾರವಾಡ ಕಡೆಯ ಮಾಸ್ತರರು ಒಬ್ಬರು, ಫೋರ್ಟಿನ ಹೊಟೇಲಿನ ಗಲ್ಲಾದಲ್ಲಿ ಕೂರುವ ಕಾರ್ಕಳದ ಶೆಟ್ರು ಒಬ್ಬರು.

"ದೋ ಗಜ್ ಅಂದ್ರ ಆರಡಿ," ಅಂದರು ಮಾಸ್ತರರು. "ಶೆಟ್ರನ್ನ ನಡುವ ನಿಲ್ಸಿ ಆರಡಿ ತ್ರಿಜ್ಯದ ವರ್ತುಲ ಹೊಡೀರಿ. ಡಬ್ಬಾದ ಅಗಲಾನ ಹನ್ನೆರಡಡಿ. ವರ್ತುಲ ಈ ಗ್ವಾಡಿಯಿಂದ ಆ ಗ್ವಾಡಿಗೆ ಸರೀ ಕೂಡತದ, ನೋಡ್ರಿ. ಕ್ಷೇತ್ರಫಲ ಹತ್ತೂವರಿ ಚದರ ಮೀಟರ್. ಗರ್ದಿ ಹೊತ್ತಿನ್ಯಾಗ ಚದರ ಮೀಟರಿಗೆ ಹದಿನಾಲ್ಕರಿಂದ ಹದಿನಾರು ಮಂದಿ ಅಂತ ರೈಲ್ವೆಯವರದ ಲೆಕ್ಕ ಅದ. ಹದಿನಾಲ್ಕೇ ಹಿಡದ್ರೂ 147 ಮಂದಿ."

"ಅಂದ್ರೆ?"

"ಅಂದ್ರ ನಿಮ್ಮೊಬ್ಬರ ಅಂತರ ಕಾಯಲಿಕ್ಕೆ 146 ಮಂದೀನ ಕೆಳಗ ಇಳಸಬೇಕ್ರಿ."

ಶೆಟ್ರು ಒಮ್ಮೆ ಸುತ್ತ ನೋಡಿದರು. ನೋಡಲು ಕತ್ತು ತಿರುಗಿಸುವಷ್ಟು ಜಾಗವೂ ಇರಲಿಲ್ಲ, ಕಣ್ಣುಗುಡ್ಡೆ ಮಾತ್ರ ತಿರುಗಿತು. "ಬೇಡ ಮಾರಾಯ್ರೆ, ಪಾಪ. ಒಬ್ಬೊಬ್ಬನೂ ಕಲ್ಯಾಣದಿಂದ ನಿಂತೇ ಬಂದಿದ್ದಾನೆ."

ಈ ಹದಿನಾಲ್ಕು-ಹದಿನಾರರ ಒತ್ತಡಕ್ಕೆ ರೈಲ್ವೆಯ ಕಡತದಲ್ಲಿ ಒಂದು ಗಂಭೀರ ಹೆಸರಿದೆ: ಸೂಪರ್ ಡೆನ್ಸ್ ಕ್ರಷ್ ಲೋಡ್. ಅದಕ್ಕೆ ಹೆಸರಿಟ್ಟಿದ್ದಾರೆ, ದಂಡ ಇಟ್ಟಿಲ್ಲ. ಇಡುವುದಾದರೂ ಯಾರ ಮೇಲೆ? ಗರ್ದಿಗೆ ಮೂಗಿಲ್ಲ, ಜೇಬಿಲ್ಲ, ರಸೀದಿ ಹರಿದು ಕೈಗೆ ಕೊಡೋಣವೆಂದರೆ ಕೈಯೂ ಇಲ್ಲ. ಮೂಗು ಮಾತ್ರ ಒಬ್ಬೊಬ್ಬನಿಗೆ ಒಂದೊಂದು ಇದೆ, ಎದುರಿಗೇ ಇದೆ, ದೂರದಿಂದಲೇ ಕಾಣುತ್ತದೆ. ಅದೇ ವರ್ಷ ಏಪ್ರಿಲ್‌ನಲ್ಲಿ ದಿಲ್ಲಿ ಹೈಕೋರ್ಟು, ಕಾರಿನಲ್ಲಿ ಒಬ್ಬನೇ ಕೂತಿದ್ದರೂ ಮಾಸ್ಕು ಹಾಕಬೇಕು ಎಂದಿತು. ಒಬ್ಬನೇ ಕೂತು ಹೋಗುವ ಯೋಗ ಇದ್ದವನು ಎರಡು ಮಾಸ್ಕು ಹಾಕಲಿ ಬಿಡಿ, ಏನು ನಷ್ಟ!

ಆದರೆ ಈ ಮೂಗುಗಳನ್ನು ಹಿಡಿಯುವವರು ಎಲ್ಲಿ ನಿಲ್ಲುತ್ತಿದ್ದರು? ಡಬ್ಬಾದೊಳಗಲ್ಲ. ರಸೀದಿ ಪುಸ್ತಕ ಹಿಡಿದು ಸಂಜೆಯ ಕಸಾರಾ ಫಾಸ್ಟಿಗೆ ಹತ್ತಿದ ಮಾರ್ಷಲ್ ಮೊದಲ ದಂಡ ಹಾಕುವಷ್ಟರಲ್ಲಿ ಕೊನೆಯ ನಿಲ್ದಾಣ ಕಸಾರಾ ಬಂದಿರುತ್ತದೆ. ಆದ್ದರಿಂದ ಅವರು ನಿಲ್ಲುತ್ತಿದ್ದುದು ಮೇಲ್ಸೇತುವೆ ಇಳಿದು ರಸ್ತೆಗೆ ಕಾಲಿಡುವಲ್ಲಿ, ತೆರೆದ ಗಾಳಿಯಲ್ಲಿ. ಒಂದು ಗಂಟೆ 146 ಜನರ ಉಸಿರು ಕುಡಿದು ಬಂದವನು ಮೊದಲ ಸಲ ಸ್ವಂತ ಉಸಿರು ಎಳೆದುಕೊಳ್ಳಲು ಮಾಸ್ಕು ಇಳಿಸುವ ಜಾಗ ಅದು. ಒಳ್ಳೆಯ ಗಾಳ ಹಾಕುವವನಿಗೆ ಮೀನು ಎಲ್ಲಿ ಬಾಯಿ ತೆರೆಯುತ್ತದೆಂದು ಗೊತ್ತಿರುತ್ತದೆ.

ಡಬ್ಬಾದೊಳಗೆ ಬಹುಪಾಲು ಮಾಸ್ಕುಗಳು ಗದ್ದ ಕಾಯುತ್ತಿದ್ದವು. ಫೋನು ಬಂದರೆ ಮಾಸ್ಕು ಇಳಿಸಿ ಮಾತು, ಮಾತು ಮುಗಿದ ಮೇಲೆ ಮಾಸ್ಕು ಏರಿಸಿ ಮೌನ. ಸೀನು ಬಂದರಂತೂ ಅವಸರವಸರವಾಗಿ ಇಳಿಸುತ್ತಿದ್ದರು. ಒಗೆದ ಮಾಸ್ಕು, ಒದ್ದೆಯಾದರೆ ಸಂಜೆಯವರೆಗೆ ಯಾರು ಹಾಕಿಕೊಳ್ಳುತ್ತಾರೆ? ಬಾಗಿಲ ಬಳಿ ಟೀಸಿಯ ಕರಿ ಕೋಟು ಕಂಡರೆ ಮಾತ್ರ ಅಲ್ಲಿಂದ ಒಳಮುಖವಾಗಿ ಮಾಸ್ಕುಗಳು ಒಂದಾದ ಮೇಲೊಂದು ಏಳುತ್ತಿದ್ದವು, ಗಾಳಿ ಬೀಸಿದಾಗ ಬತ್ತದ ಗದ್ದೆ ತೊನೆಯುವ ಹಾಗೆ. ನೋಡಲು ಚಂದವಿತ್ತು.

ನನ್ನ ರಸೀದಿಯ ಕತೆ ಆ ಅಕ್ಟೋಬರಿನದು. ಅಕ್ಕನ ಮನೆಗೆಂದು ಸಂಜೆ ದೂರದ ಕರ್ಜತ್‌ವರೆಗೆ ಹೋಗುವ ಗಾಡಿಯಿಂದ ನಡುವೆ ಇಳಿಯಬೇಕಿತ್ತು. ಯಾವ ಸ್ಟೇಷನ್ ಎನ್ನುವುದು ಬೇಡ. ಕರ್ಜತ್ ಗಾಡಿಯಿಂದ ನಡುವೆ ಇಳಿಯುವವನಿಗೆ ಡಬ್ಬಾದಲ್ಲಿ ಸಿಗುವ ಗೌರವ ಬಲ್ಲವರೇ ಬಲ್ಲರು. ಎದುರಿನಿಂದ ನುಗ್ಗುವವರ ನಡುವೆ ನನ್ನ ಮಾಸ್ಕಿನ ದಾರ ಯಾರದೋ ಬ್ಯಾಗಿನ ಜಿಪ್ಪಿಗೆ ಸಿಕ್ಕಿತು. ನಾನು ಹೊರಗೆ ಬಂದೆ, ಮಾಸ್ಕು ಒಳಗೆ ಹೋಯಿತು. ಗಾಡಿ ಹೊರಟಿತು. ಆ ಮನುಷ್ಯನ ಬೆನ್ನ ಮೇಲೆ ನನ್ನ ಮಾಸ್ಕು ಪಟಪಟ ಹಾರುತ್ತಾ ಹೋದದ್ದನ್ನು ನಿಂತು ನೋಡಿದೆ.

ಸಭ್ಯನಾದ ನಾನು ಕೂಡಲೇ ಜೇಬಿನ ಕರ್ಚೀಫು ತೆಗೆದು ಮೂಗು ಬಾಯಿ ಎರಡೂ ಮುಚ್ಚಿ ಹಿಂದೆ ಗಂಟು ಹಾಕಿದೆ. ಸೇತುವೆಯ ಕೆಳಗೆ ಮಾರ್ಷಲ್.

"ಮಾಸ್ಕ್ ಕುಠೇ ಆಹೇ?" ಮಾಸ್ಕ್ ಎಲ್ಲಿ ಎಂದು ಮರಾಠಿಯಲ್ಲಿ ಕೇಳಿದ.

"ಕರ್ಜತ್‌ಲಾ ಗೇಲಾ," ಕರ್ಜತ್‌ಗೆ ಹೋಯಿತು ಎಂದೆ. ಸತ್ಯವನ್ನೇ ಹೇಳಿದ್ದೆ.

"ರುಮಾಲ್ ಚಾಲತ್ ನಾಹೀ." ಕರ್ಚೀಫು ನಡೆಯುವುದಿಲ್ಲವಂತೆ.

ಮೂಗು ಮುಚ್ಚಿದೆಯಲ್ಲ, ಬಾಯಿಯೂ ಮುಚ್ಚಿದೆಯಲ್ಲ ಎಂದು ವಾದಿಸಿದೆ. ಬಾಯಿ ಮುಚ್ಚಿದವನು ವಾದಿಸಿದರೆ ಎಷ್ಟು ಕೇಳುತ್ತದೆ? ಅವನು ರಸೀದಿ ಪುಸ್ತಕ ತೆಗೆದ. ಕಾರ್ಬನ್ ಹಾಳೆ ಅಂಟಿಕೊಂಡಿತ್ತು. ಆಗ ನನ್ನ ಕಣ್ಣೆದುರೇ ತನ್ನ ಮಾಸ್ಕನ್ನು ಗದ್ದಕ್ಕಿಳಿಸಿ, ಹೆಬ್ಬೆರಳನ್ನು ನಾಲಗೆಗೆ ಒತ್ತಿ, ಹಾಳೆ ಬಿಡಿಸಿ, ಬರೆದು, ಹರಿದು, ಆ ಒದ್ದೆ ಮೂಲೆಯನ್ನೇ ನನ್ನ ಕೈಗಿಟ್ಟ. ಆಗ ಮುಂಬಯಿಯಲ್ಲಿ ರಸ್ತೆಗೆ ಉಗುಳಿದರೂ 200, ಮಾಸ್ಕಿಲ್ಲದಿದ್ದರೂ 200. ರಸೀದಿಗೆ ಉಗುಳು ಹಚ್ಚಿದರೆ ಎಷ್ಟೆಂದು ಎಲ್ಲೂ ಬರೆದಿರಲಿಲ್ಲ. ಮೂರು ಹೆಜ್ಜೆ ಆಚೆ ಮಾಸ್ಕು ಮಾರುವ ಹುಡುಗ ನಿಂತಿದ್ದ. ಮೊದಲೇ ಹೇಳಬಾರದಿತ್ತಾ ಎಂದೆ. "ದಸ್ ರುಪಯಾ, ದಸ್ ರುಪಯಾ ಅಂತ ಆವಾಗಿನಿಂದ ಕೂಗ್ತಾನೇ ಇದ್ದೀನಲ್ಲ ಸಾಹೇಬ್," ಎಂದ ಅವನದೇ ಹಿಂದಿಯಲ್ಲಿ.

ಆ ಮಾರ್ಷಲ್ ದೂರದೃಷ್ಟಿಯವನೆಂದು ಈಗ ಒಪ್ಪಿಕೊಳ್ಳಬೇಕು. ಏಕೆಂದರೆ ನವೆಂಬರ್ 27ಕ್ಕೆ ಮಹಾರಾಷ್ಟ್ರ ಸರಕಾರದ ಹೊಸ ಆದೇಶ ಬಂತು, ಅದರಲ್ಲಿ ಅಚ್ಚುಕಟ್ಟಾಗಿ ಬರೆದಿತ್ತು: ಕರ್ಚೀಫನ್ನು ಮಾಸ್ಕ್ ಎಂದು ಪರಿಗಣಿಸತಕ್ಕದ್ದಲ್ಲ, ಕರ್ಚೀಫು ಕಟ್ಟಿದವನಿಗೂ ದಂಡ. ಒಂದೂವರೆ ವರ್ಷದ ಹಿಂದೆ, 2020ರ ಏಪ್ರಿಲ್ 14ಕ್ಕೆ ಪ್ರಧಾನಿಯವರೇ ಮುಖಕ್ಕೆ ಗಮ್ಚಾ ಸುತ್ತಿಕೊಂಡು ಟೀವಿಗೆ ಬಂದಿದ್ದರು. ಅಂದು ಅದನ್ನು ನೋಡಿ ನಾವೆಲ್ಲ ಮನೆಯ ಬೈರಾಸು, ಟವೆಲು ಹುಡುಕಿದ್ದೆವು. ಬಟ್ಟೆಗೂ ಯೋಗ ಬೇಕು.

ಅದೇ ಆದೇಶದಲ್ಲಿ ಇನ್ನೂ ಒಂದು ಸೊಗಸಿತ್ತು. ಟ್ಯಾಕ್ಸಿಯಲ್ಲೋ ಬಸ್ಸಿನಲ್ಲೋ ಪ್ರಯಾಣಿಕ ತಪ್ಪಿದರೆ ಅವನಿಗೆ 500, ಜೊತೆಗೆ ಡ್ರೈವರಿಗೋ ಕಂಡಕ್ಟರಿಗೋ ಇನ್ನೊಂದು 500, ಬಸ್ಸಾದರೆ ಮಾಲಿಕ ಸಂಸ್ಥೆಗೆ 10,000. ಮಾಸ್ತರರಿಗೆ ತಕ್ಷಣ ಲೋಕಲ್ ಓಡಿಸುವ ಮೋಟರ್‌ಮನ್ ನೆನಪಾದ. "ಇದನ್ನ ಗಾಡಿಗೂ ಹಚ್ಚಿದ್ರ ಆ ಮನುಷ್ಯಾ ಕುರ್ಲಾ ಮುಟ್ಟೂದ್ರೊಳಗ ಮನಿ ಮಾರಬೇಕಾಗ್ತದ್ರಿ." ಶೆಟ್ರ ಚಿಂತೆ ಬೇರೆ. ಗಿರಾಕಿ ನಿಯಮ ಮುರಿದರೆ ಅಂಗಡಿಗೂ 10,000 ಎಂದಿತ್ತು. "ಮಾಸ್ಕು ತೆಗೆಯದೆ ಇಡ್ಲಿ ತಿನ್ನುವ ಗಿರಾಕಿಯನ್ನು ನಾನು ಎಲ್ಲಿಂದ ತರುವುದು?"

2022ರ ಏಪ್ರಿಲ್ 1ರಿಂದ ರಾಜ್ಯದಲ್ಲಿ ಎಲ್ಲ ನಿರ್ಬಂಧವೂ ಹೋಯಿತು, ಮಾಸ್ಕು ಅವರವರ ಇಷ್ಟ. ತಾರೀಕು ನೋಡಿ ಶೆಟ್ರು ಆ ದಿನವೆಲ್ಲ ಮಾಸ್ಕು ತೆಗೆಯಲಿಲ್ಲ, ಏಪ್ರಿಲ್ ಫೂಲ್ ಇರಬಹುದೆಂದು. ಮರುದಿನ ಯುಗಾದಿ. ಹಬ್ಬ ಕಳೆದು ಸೋಮವಾರ ನಾವು ಸಿಎಸ್‌ಎಂಟಿ ನಿಲ್ದಾಣದಲ್ಲಿ ಮನೆಗೆ ಹೊರಡಲು ನಿಂತಿದ್ದೆವು. ಗಾಡಿ ಇನ್ನೂ ಪೂರ್ತಿ ನಿಂತಿರಲಿಲ್ಲ. ಮಾಸ್ತರರಿಗೆ ಮಂಡಿ ನೋವು, ಹಾರಿ ಹತ್ತುವ ಹಾಗಿಲ್ಲ. ಶೆಟ್ರು ಕಾಲರಿನ ಹಿಂದಿನಿಂದ ಕರ್ಚೀಫು ಎಳೆದು, ಮುದ್ದೆ ಮಾಡಿ, ಕಿಟಕಿಯ ಸರಳಿನ ನಡುವಿನಿಂದ ಬೀಸಿ ಒಗೆದರು. ಅದು ಹೋಗಿ ಕಿಟಕಿ ಬದಿಯ ಸೀಟಿನ ಮೇಲೆ ಬಿಚ್ಚಿಕೊಂಡು ಬಿತ್ತು.

ಒಳಗೆ ನುಗ್ಗಿದವರಲ್ಲಿ ನಾಲ್ಕೈದು ಮಂದಿ ಆ ಸೀಟಿನವರೆಗೆ ಬಂದರು, ಬೆವರಿನಿಂದ ಒದ್ದೆಯಾದ ಆ ಕರ್ಚೀಫನ್ನು ನೋಡಿದರು, ಏನೂ ಹೇಳದೆ ಮುಂದಕ್ಕೆ ಹೋದರು. ಮಾಸ್ತರರು ನಿಧಾನಕ್ಕೆ ಹತ್ತಿ ಬಂದು, ಅದನ್ನು ನಾಲ್ಕು ಮಡಿಕೆ ಮಾಡಿ ಶೆಟ್ರಿಗೆ ಕೊಟ್ಟು, ಕಿಟಕಿ ಬದಿಗೆ ಕೂತರು.