ಎಂ ಸೈಜಿನ ದಾಸವಾಳ

ನಮ್ಮ ಅತ್ತೆಗೆ ಶಿವನ ಪೂಜೆಗೆ ಬಿಳಿ ಕಣಗಿಲೆ ಬೇಕಿತ್ತು. ಎಲ್ಲ ಶುರುವಾದದ್ದು ಅಲ್ಲಿಂದ.

ತೀರ್ಥಹಳ್ಳಿ ಬಿಟ್ಟು ಮೈಸೂರಿನ ನಮ್ಮ ಮನೆಗೆ ಬಂದ ಮೇಲೆ ಅವರು ಬಾಯಿ ಬಿಟ್ಟು ಕೇಳಿದ ಮೊದಲ ವಸ್ತು ಅದು. ನಾನು ಉತ್ಸಾಹದಿಂದ ನರ್ಸರಿಗೆ ಫೋನ್ ಮಾಡಿ, ‘ಒಂದು ಬಿಳಿ ಕಣಗಿಲೆ ಕಳುಹಿಸಿ’ ಎಂದೆ. ಸಂಜೆ ಆಟೋದಲ್ಲಿ ಬಂದದ್ದು ಗೇಣುದ್ದದ ಗಿಡ, ಅದರ ತುದಿಯಲ್ಲಿ ಐದೆಸಳಿನ ಎರಡು ಬಿಳಿ ಹೂ. ಅತ್ತೆ ಕನ್ನಡಕವನ್ನು ಹಣೆಗೇರಿಸಿ ನೋಡಿದರು. ‘ಇದು ಕಾಶಿ ಕಣಗಿಲೆ. ನಮ್ಮ ಕಡೆ ಇದನ್ನು ದೇವರ ತಲೆಗೆ ಏರಿಸುವುದಿಲ್ಲ’ ಎಂದರು.

ಮರುದಿನ ನಾನೇ ಹೋದೆ. ‘ಕಾಶಿಯದ್ದಲ್ಲ, ದೇವರಿಗೆ ಏರಿಸುವ ಕಣಗಿಲೆ’ ಎಂದು ಒತ್ತಿ ಹೇಳಿದೆ. ದೇವರು ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ನರ್ಸರಿಯವನು ದೇವಕಣಗಿಲೆಯನ್ನು ಕುಂಡದ ಸಮೇತ ಕೈಗಿತ್ತ. ಆಗ ಪುಷ್ಯಮಾಸದ ಚಳಿ. ಅದರಲ್ಲಿ ಹೂವಿನ ಮಾತು ಹಾಗಿರಲಿ, ಒಂದು ಎಲೆಯೂ ಇರಲಿಲ್ಲ. ‘ದುಡ್ಡು ಕೊಟ್ಟು ಕೋಲು ತಂದೆಯಾ?’ ಎಂದರು ಅತ್ತೆ. ಮೂರನೆಯ ಸಲ ಮನೆಗೆ ಬಂದದ್ದು ಗಂಟೆಯಾಕಾರದ ಹೂ ಬಿಡುವ ಹಳದಿ ಕಣಗಿಲೆ. ಅತ್ತೆ ಈ ಸಲ ಏನೂ ಅನ್ನಲಿಲ್ಲ. ಆ ಮೌನಕ್ಕಿಂತ ಕೋಲಿನ ಮಾತೇ ವಾಸಿಯಿತ್ತು.

ಬೆಳಗಿನ ವಾಕಿಂಗ್‌ನಲ್ಲಿ ಸಿಗುವ ನಿವೃತ್ತ ಮೇಷ್ಟ್ರೊಬ್ಬರಿಗೆ ನನ್ನ ಗೋಳು ಹೇಳಿಕೊಂಡೆ. ಕಾಲೇಜಿನಲ್ಲಿ ಜೀವಮಾನವಿಡೀ ಸಸ್ಯಶಾಸ್ತ್ರ ಕಲಿಸಿದವರು ಅವರು. ಅಯ್ಯೋ ಪಾಪ ಎನ್ನುವಂತೆ ನನ್ನನ್ನು ನೋಡಿ, ‘ನೀರಿಯಮ್ ಒಲಿಯಾಂಡರ್ ಎಂದು ಕೇಳಿ, ತಪ್ಪುವುದೇ ಇಲ್ಲ. ಲ್ಯಾಟಿನ್ ಹೆಸರೆಂದರೆ ಆಧಾರ್ ಕಾರ್ಡ್ ಇದ್ದ ಹಾಗೆ. ಒಂದು ಗಿಡಕ್ಕೆ ಒಂದೇ, ಪ್ರಪಂಚಕ್ಕೆಲ್ಲ ಅದೇ’ ಎಂದರು. ನಿಜವಾಗಿಯೂ ನಾಲ್ಕನೆಯ ಸಲ ಸರಿಯಾದ ಗಿಡ ಬಂತು. ಶಿವನಿಗೆ ಹೂ ಏರಿತು, ನನಗೆ ಲ್ಯಾಟಿನ್ ಹುಚ್ಚು ಏರಿತು.

ಹೊಸದಾಗಿ ಭಾಷೆ ಕಲಿತವರು ಬೋರ್ಡು ಓದುತ್ತ ಹೋಗುವಂತೆ ನಾನು ಕಂಡ ಕಂಡ ಕುಂಡದ ಚೀಟಿ ಓದತೊಡಗಿದೆ. ಮೊದಲ ಪೆಟ್ಟು ಬಿದ್ದದ್ದು ದಾಸವಾಳದ ಮುಂದೆ. ಚೀಟಿಯಲ್ಲಿ ‘ಹಿಬಿಸ್ಕಸ್ ರೋಸಾ-ಸೈನೆನ್ಸಿಸ್ ಎಲ್.’ ಎಂದು ಬರೆದಿತ್ತು. ಹಿಬಿಸ್ಕಸ್ ಗೊತ್ತಿತ್ತು. ರೋಸಾ-ಸೈನೆನ್ಸಿಸ್ ಎಂದರೆ ಚೀನಾದ ಗುಲಾಬಿ ಎಂದು ಮೇಷ್ಟ್ರು ಹೇಳಿದ್ದರು. ಉಳಿದದ್ದು ಎಲ್. ನಮ್ಮ ಅಂಗಳ ಚಿಕ್ಕದು. ‘ಇದು ಲಾರ್ಜ್ ಅಲ್ಲವೇ, ಇದೇ ಗಿಡದಲ್ಲಿ ಎಂ ಸೈಜ್ ಇದೆಯೇ?’ ಎಂದು ಕೇಳಿದೆ. ನರ್ಸರಿಯವನೂ ಕಡಿಮೆಯವನಲ್ಲ. ಒಂದು ಕ್ಷಣವೂ ತಡವರಿಸದೆ, ‘ಎಂ ಖಾಲಿಯಾಗಿದೆ ಅಮ್ಮಾ, ಬರುವ ಸೋಮವಾರ ಬರುತ್ತದೆ’ ಎಂದ. ನಾನು ಸೋಮವಾರ ಹೋದೆ ಎಂಬುದನ್ನು ಇಲ್ಲಿ ಬರೆಯಬಾರದೆಂದಿದ್ದೆ.

ಮೇಷ್ಟ್ರಿಗೆ ಇದನ್ನು ಹೇಳಿದಾಗ ಅವರು ಕಲ್ಲುಬೆಂಚಿನ ಮೇಲೆ ಕೂತು ಸುಧಾರಿಸಿಕೊಳ್ಳಬೇಕಾಯಿತು. ಎಲ್ ಎಂದರೆ ಲಿನೇಯಸ್. ಆ ಗಿಡಕ್ಕೆ ಆ ಹೆಸರಿಟ್ಟವನ ರುಜು. ಸ್ವೀಡನ್ ದೇಶದ ಈ ಮಹಾನುಭಾವನಿಗಿಂತ ಮುಂಚೆ ಗಿಡದ ಹೆಸರೆಂದರೆ ಅರಸರ ಬಿರುದಾವಳಿಯ ಹಾಗೆ ಒಂದು ಸಾಲು ಉದ್ದ ಇರುತ್ತಿತ್ತಂತೆ: ಕವಲೊಡೆದ, ನುಣುಪಾದ ಕೊಂಬೆಯ, ಗರಗಸದಂಚಿನ ಎಲೆಯ ಇತ್ಯಾದಿ ಇತ್ಯಾದಿ. ಆತ 1753ರಲ್ಲಿ ಅಂದಿಗೆ ತನಗೆ ಗೊತ್ತಿದ್ದ ಗಿಡಗಳಿಗೆಲ್ಲ ಎರಡೆರಡು ಪದದ ಹೆಸರಿಟ್ಟ. ಮೊದಲನೆಯದು ಮನೆತನದ್ದು, ಎರಡನೆಯದು ಸ್ವಂತದ್ದು. ಉಳಿದ ಶಾಸ್ತ್ರಜ್ಞರೆಲ್ಲ ತಮ್ಮ ಹೆಸರಿನ ಎರಡು ಅಕ್ಷರವನ್ನಾದರೂ ಬರೆಯಬೇಕು. ಬರೀ ಎಲ್ ಬರೆದರೆ ಸಾಕು ಎಂಬ ಮರ್ಯಾದೆ ಆತನೊಬ್ಬನಿಗೇ. ಅಂಥವನನ್ನು ನಾನು ಬನಿಯನ್ನಿನ ಅಳತೆಗೆ ಇಳಿಸಿದ್ದೆ.

ನಮ್ಮ ಮನೆಯವರೇನು ಕಡಿಮೆಯೇ? ಫಲಪುಷ್ಪ ಪ್ರದರ್ಶನದಲ್ಲಿ ಒಂದು ಕುಂಡಕ್ಕೆ ‘ಬಿಗೋನಿಯಾ ಎಸ್‌ಪಿ.’ ಎಂದು ಚೀಟಿ ಅಂಟಿಸಿದ್ದರು. ಯಾವ ಪ್ರಭೇದ ಎಂದು ಗುರುತಾಗದಿದ್ದಾಗ ಹಾಗೆ ಬರೆಯುತ್ತಾರೆ. ಇವರು ನನ್ನ ಕೈ ಹಿಡಿದು ಎರಡು ಹೆಜ್ಜೆ ಹಿಂದಕ್ಕೆಳೆದು, ‘ಮುಟ್ಟಬೇಡ, ಎಸ್‌ಪಿ ಸಾಹೇಬರ ಬಂಗಲೆಯಿಂದ ಬಂದದ್ದು’ ಎಂದರು.

ಅರ್ಥ ತಿಳಿಯುತ್ತ ಹೋದಂತೆ ಸಂಸಾರದ ಶಾಂತಿಗೆ ಅಪಾಯವೂ ಹೆಚ್ಚಿತು. ಅತ್ತೆ ಮೈಲಿಗೆ ಎಂಬಂತೆ ದೂರವಿಟ್ಟ ಆ ಕಾಶಿ ಕಣಗಿಲೆ ಇದೆಯಲ್ಲ, ಅದು ಕ್ಯಾಥರಾಂಥಸ್ ರೋಸಿಯಸ್. ಕ್ಯಾಥರಾಂಥಸ್ ಎಂದರೆ ಗ್ರೀಕ್ ಭಾಷೆಯಲ್ಲಿ ಪರಿಶುದ್ಧವಾದ ಹೂ! ರೋಸಿಯಸ್ ಎಂದರೆ ಗುಲಾಬಿ ಬಣ್ಣದ್ದು. ನಮಗೆ ಬಂದದ್ದು ಅಚ್ಚ ಬಿಳಿ. ಇರಲಿ, ಕೆಂಪಯ್ಯ ಎಂಬ ಹೆಸರಿನ ಕಪ್ಪು ಮನುಷ್ಯರನ್ನು ನಾನು ನೋಡಿಲ್ಲವೇ? ಇನ್ನು ಅತ್ತೆ ದಿನವೂ ಬುಟ್ಟಿ ತುಂಬ ಬಿಡಿಸಿ ದೇವರಿಗೆ ಏರಿಸುವ ನಂದಬಟ್ಟಲು. ಅದು ಟ್ಯಾಬರ್ನೆಮೊಂಟಾನಾ. ಹದಿನಾರನೆಯ ಶತಮಾನದ ಜರ್ಮನ್ ವೈದ್ಯನೊಬ್ಬ ತನ್ನ ಊರಿನ ಹೆಸರನ್ನು ಲ್ಯಾಟಿನ್ನಿಗೆ ತಿರುಗಿಸಿ ಇಟ್ಟುಕೊಂಡಿದ್ದ ಅಡ್ಡಹೆಸರು. ಬಿಡಿಸಿ ನೋಡಿದರೆ ಬೆಟ್ಟದ ಮೇಲಿನ ಹೆಂಡದಂಗಡಿ ಎಂದೂ ಅರ್ಥ ಹೇಳಬಹುದು. ಇದನ್ನು ನಾನು ಅತ್ತೆಗೆ ಹೇಳಲಿಲ್ಲ. ಅದರ ಬದಲು ಕೇಪಳದ ಹೂವಿನ ಇಕ್ಸೋರಾ ಎಂಬ ಹೆಸರು ನಮ್ಮ ಈಶ್ವರನೇ ಪೋರ್ಚುಗೀಸರ ಬಾಯಲ್ಲಿ ಹಾಗಾದದ್ದು ಎಂದು ಹೇಳಿದೆ. ‘ಆ ಜನಕ್ಕೂ ದೈವಭಕ್ತಿ ಇದೆ ಅನ್ನು’ ಎಂದು ಅತ್ತೆ ಸಂತೋಷಪಟ್ಟರು.

ಆದರೆ ಅರಳಿಮರದ ವಿಷಯದಲ್ಲಿ ನಾಲಿಗೆ ಜಾರಿತು. ಫೈಕಸ್ ರಿಲಿಜಿಯೋಸಾ. ಫೈಕಸ್ ಎಂಬುದು ಗಂಡಸಿನ ಹೆಸರಿನಂತೆ ಕಂಡರೂ ಲ್ಯಾಟಿನ್‌ನಲ್ಲಿ ಮರಗಳು ಸಾಮಾನ್ಯವಾಗಿ ಸ್ತ್ರೀಲಿಂಗ. ಅದಕ್ಕೇ ಅದರ ಹಿಂದೆ ರಿಲಿಜಿಯೋಸಸ್ ಬರದೆ ರಿಲಿಜಿಯೋಸಾ ಬಂದಿದೆ. ಜ್ಞಾನದ ಭಾರ ತಾಳಲಾರದೆ ಇದನ್ನು ಊಟದ ಹೊತ್ತಿನಲ್ಲಿ ಹೇಳಿಬಿಟ್ಟೆ. ಅತ್ತೆ ತಮ್ಮ ಊರಿನ ಕಟ್ಟೆಯ ಮೇಲೆ ಅಶ್ವತ್ಥನಿಗೂ ಬೇವಿಗೂ ನಿಂತು ಮದುವೆ ಮಾಡಿಸಿದವರು. ಕೈಯ ತುತ್ತು ಕೈಯಲ್ಲೇ ಉಳಿಯಿತು. ‘ಹಾಗಾದರೆ ಬೇವು?’ ಎಂದರು. ಅಜಾಡಿರಕ್ಟಾ ಇಂಡಿಕಾ. ಅದೂ ಸ್ತ್ರೀಲಿಂಗವೇ. ನಾನು ಹುಳಿ ಬಡಿಸಲು ಎದ್ದೆ.

ಒಂದು ಮಾತು ಹೇಳಲೇಬೇಕು. ಅತ್ತೆಯ ನಾಲ್ಕು ಕಣಗಿಲೆಗಳಿಗೂ ಲ್ಯಾಟಿನ್‌ನಲ್ಲಿ ನಾಲ್ಕು ಬೇರೆ ಮನೆತನ, ನಿಜ. ಆದರೆ ಒಂದು ಮೆಟ್ಟಿಲು ಮೇಲೆ ಹತ್ತಿದರೆ ನಾಲ್ಕೂ ಅಪೋಸೈನೇಸಿ ಎಂಬ ಒಂದೇ ಕುಟುಂಬದವು. ಸೂಕ್ಷ್ಮದರ್ಶಕವಿಲ್ಲದೆ ನಮ್ಮ ಹಿರಿಯರು ಅಷ್ಟು ಸರಿಯಾಗಿ ಹೇಳಿದ್ದರು ಎಂದು ಹೆಮ್ಮೆಪಟ್ಟುಕೊಂಡು ಮಲ್ಲಿಗೆಯ ಕಡೆ ತಿರುಗಿದರೆ ಮಾನ ಹೋಯಿತು. ಸಂಜೆಮಲ್ಲಿಗೆ, ಆಕಾಶಮಲ್ಲಿಗೆ, ರಂಗೂನ್ ಮಲ್ಲಿಗೆ ಇವು ಮೂರೂ ಮೂರು ದಿಕ್ಕಿನವು, ಒಂದಕ್ಕೂ ಮಲ್ಲಿಗೆಯ ನಂಟಿಲ್ಲ. ಮಲ್ಲಿಗೆಯ ಕುಟುಂಬಕ್ಕೆ ನಿಜವಾಗಿ ಸೇರಿದ ಪಾರಿಜಾತವನ್ನು ಮಾತ್ರ ನಮ್ಮವರು ಮಲ್ಲಿಗೆ ಎಂದು ಕರೆಯಲಿಲ್ಲ. ಮದುವೆಮನೆಯ ಗುಂಪುಫೋಟೋದಲ್ಲಿ ಸ್ವಂತ ತಂಗಿಯನ್ನೇ ನಿಲ್ಲಿಸಲು ಮರೆತ ಹಾಗೆ.

ಆ ರಂಗೂನ್ ಮಲ್ಲಿಗೆ ನಮ್ಮ ಗೇಟಿನ ಮೇಲಿದೆ. ಸಂಜೆ ಬಿಳಿಯಾಗಿ ಅರಳಿ, ಮರುದಿನ ಗುಲಾಬಿಯಾಗಿ, ಆಮೇಲೆ ಕೆಂಪಾಗುತ್ತದೆ. ಅದರ ಹಳೆಯ ಹೆಸರು ಕ್ವಿಸ್‌ಕ್ವಾಲಿಸ್, ಲ್ಯಾಟಿನ್‌ನಲ್ಲಿ ‘ಯಾರು? ಎಂಥದ್ದು?’ ಎಂದರ್ಥ. ಹೆಸರಿಟ್ಟ, ಡಚ್ಚರ ಕಂಪನಿಯಲ್ಲಿದ್ದ ಸಸ್ಯಶಾಸ್ತ್ರಜ್ಞ ರಂಫಿಯಸ್ ಅದರ ಮಲಯ ಹೆಸರನ್ನು ಡಚ್ ಪ್ರಶ್ನೆಯಂತೆ ಕೇಳಿಸಿಕೊಂಡು, ಆ ಪ್ರಶ್ನೆಯನ್ನೇ ಲ್ಯಾಟಿನ್ ಮಾಡಿದನಂತೆ. ದಾರಿಹೋಕರು ‘ಇದು ಎಂಥದ್ದು?’ ಎಂದು ಕೇಳಿದರೆ ನಾನು ‘ಹೌದು’ ಎಂದುಬಿಡುತ್ತೇನೆ.

ಇಷ್ಟೆಲ್ಲ ತಿಳಿದ ಮೇಲೆ ನನಗೆ ಸ್ವಲ್ಪ ಕೊಬ್ಬು ಬಂದಿತು. ಕಾಂಪೌಂಡ್ ಗೋಡೆಯ ಸಿಮೆಂಟು ಅಲ್ಲಲ್ಲಿ ಕಿತ್ತು ಅಸಹ್ಯವಾಗಿತ್ತು. ಮುಚ್ಚಲು ಒಂದು ಬಳ್ಳಿ ಬೇಕೆಂದಾಗ ಮೇಷ್ಟ್ರನ್ನು ಕೇಳದೆ ನಾನೇ ಆರಿಸಿದೆ. ಚೀಟಿಯಲ್ಲಿ ಫೈಕಸ್ ಪ್ಯುಮಿಲಾ ಎಂದಿತ್ತು. ಪ್ಯುಮಿಲಾ ಎಂದರೆ ಕುಳ್ಳಿ. ಕಿರುಬೆರಳಿನ ಉಗುರಿನಷ್ಟು ಎಲೆ, ನೂಲಿನಂಥ ಕಾಂಡ, ಗೋಡೆಗೆ ತನ್ನಷ್ಟಕ್ಕೆ ತಾನೇ ಅಂಟಿಕೊಳ್ಳುವ ಬೇರು. ಕೈಮಗುವಿನಂತೆ ಎತ್ತಿಕೊಂಡು ಬಂದೆ.

ಮೊದಲ ವರ್ಷ ಅದು ಮಿಸುಕಲಿಲ್ಲ. ಎರಡನೆಯ ವರ್ಷ ಗೋಡೆ ಹಸಿರಾಯಿತು, ನೋಡಿದವರೆಲ್ಲ ಹೊಗಳಿದರು. ಮೂರನೆಯ ಮಳೆಗಾಲದಲ್ಲಿ ವಾಮನಮೂರ್ತಿ ತ್ರಿವಿಕ್ರಮನಾದ. ಒಂದು ಹೆಜ್ಜೆ ನಮ್ಮ ಕಾಂಪೌಂಡಿನ ಮೇಲೆ, ಇನ್ನೊಂದು ಪಕ್ಕದ ಮನೆಯ ಎರಡನೆಯ ಮಹಡಿಯ ಮೇಲೆ. ಉಗುರಿನಷ್ಟಿದ್ದ ಎಲೆಯ ಜಾಗದಲ್ಲಿ ಅಂಗೈಯಗಲದ, ಚರ್ಮದಂತೆ ದಪ್ಪನಾದ ಎಲೆಗಳು. ಹೆಬ್ಬೆರಳು ದಪ್ಪದ ರೆಂಬೆಗಳು ಗೋಡೆ ಬಿಟ್ಟು ಹೊರಗೆ ಚಾಚಿದವು. ಅದರಲ್ಲಿ ಅಂಜೂರದಂಥ ಹಸಿರು ಕಾಯಿಗಳು. ಪಕ್ಕದ ಮನೆಯಾಕೆ ಬಂದು, ‘ನಿಮ್ಮ ಗಿಡ ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಇಣುಕುತ್ತಿದೆ, ಒಳಗೆ ಕರೆಯಲೋ ಬೇಡವೋ?’ ಎಂದು ಕೇಳಿದರು. ಮನೆಯವರು ಏಣಿ ಹಾಕಿ ಎಳೆದರು. ಬಳ್ಳಿಯ ಜೊತೆಗೆ ಬಣ್ಣ ಬಂತು, ಬಣ್ಣದ ಜೊತೆಗೆ ಗಾರೆ ಬಂತು. ಮೂರನೆಯ ಹೆಜ್ಜೆ ಯಾರ ತಲೆಯ ಮೇಲೆ ಎಂದು ನನಗೆ ಅರ್ಥವಾಯಿತು, ಏಕೆಂದರೆ ಪೇಂಟಿಂಗಿನ ಬಿಲ್ಲನ್ನು ಅವರೇ ಕಟ್ಟಿದರು.

ಚೀಟಿಯನ್ನು ಮತ್ತೆ ಹುಡುಕಿ ತೆಗೆದೆ. ಫೈಕಸ್ ಪ್ಯುಮಿಲಾ ಎಲ್. ಈ ಒಂದು ಸಲವಾದರೂ ಆ ಎಲ್ಲನ್ನು ಲಾರ್ಜ್ ಎಂದು ಓದಿಕೊಂಡಿದ್ದರೆ ಬಚಾವಾಗುತ್ತಿದ್ದೆ.

ಆ ಕಣಗಿಲೆಯ ನಂತರ ಲ್ಯಾಟಿನ್ನಿನಿಂದ ನನಗೆ ನಿಜವಾದ ಉಪಕಾರವಾದದ್ದು ಒಂದೇ ಒಂದು ಸಲ. ಕತ್ತಿಯಂತೆ ನೆಟ್ಟಗೆ ನಿಲ್ಲುವ, ಹಸಿರು ಪಟ್ಟೆಯ, ಹಳದಿ ಅಂಚಿನ ಒಂದು ಗಿಡವನ್ನು ವರಾಂಡಕ್ಕೆಂದು ತಂದೆ. ನರ್ಸರಿಯ ಹುಡುಗ ಅದನ್ನು ಆಟೋಗೆ ಏರಿಸುವಾಗ ಇಡೀ ಬೀದಿಗೆ ಕೇಳುವಂತೆ, ‘ಅತ್ತೆಯ ನಾಲಿಗೆ, ಚೆನ್ನಾಗಿ ಬೆಳೆಯುತ್ತದೆ ಮೇಡಂ’ ಎಂದಿದ್ದ. ಮನೆಯಲ್ಲಿ ಅತ್ತೆ ಮೆಟ್ಟಿಲ ಮೇಲೇ ನಿಂತಿದ್ದರು. ‘ಅಂಚು ಚೆನ್ನಾಗಿದೆ, ಇಳಕಲ್ ಸೀರೆಯ ಹಾಗೆ. ಏನು ಹೆಸರು ಇದಕ್ಕೆ?’

‘ಸ್ಯಾನ್ಸೆವೀರಿಯಾ ಟ್ರೈಫ್ಯಾಸಿಯಾಟಾ’ ಎಂದೆ, ಒಂದೇ ಉಸಿರಿಗೆ.

ಅತ್ತೆಗೆ ಆ ಹೆಸರು ಏಕೋ ಹಿಡಿಸಿತು. ಎರಡು ದಿನ ಅಭ್ಯಾಸ ಮಾಡಿ ಬಾಯಿಪಾಠ ಮಾಡಿಕೊಂಡರು. ಅರಿಶಿನ ಕುಂಕುಮಕ್ಕೆ ಬಂದವರಿಗೆಲ್ಲ ತೋರಿಸಿ, ಲಲಿತಾ ಸಹಸ್ರನಾಮದ ಲಯದಲ್ಲಿ ಹೇಳುತ್ತಿದ್ದರು. ನಾನು ಪ್ರೀತಿಯಿಂದ ದಿನವೂ ನೀರು ಹಾಕಿದೆ. ಆ ಜಾತಿಗೆ ಬೇಡದ್ದು ಅದೊಂದೇ. ಬುಡ ಕೊಳೆತು ಎಲೆಗಳು ಒಂದೊಂದಾಗಿ ಮಲಗಿದವು. ಅತ್ತೆ ಬಯ್ಯಲಿಲ್ಲ, ಕೊಳೆಯದೆ ಉಳಿದ ಎಲೆಗಳನ್ನು ಗೇಣುಗೇಣು ಕತ್ತರಿಸಿ, ನಾಲ್ಕು ದಿನ ನೆರಳಲ್ಲಿ ಒಣಗಿಸಿ, ಮರಳು ಬೆರೆಸಿದ ಮಣ್ಣಿಗೆ ಚುಚ್ಚಿದರು. ತಿಂಗಳುಗಳು ಕಳೆದು ಆರು ಕುಂಡದಲ್ಲಿ ಆರು ಮರಿ ಎದ್ದವು. ಆರಕ್ಕೂ ಹಳದಿ ಅಂಚಿಲ್ಲ, ಬರೀ ಹಸಿರು. ‘ಬಾರ್ಡರೇ ಬರಲಿಲ್ಲವಲ್ಲೇ’ ಎಂದು ಅತ್ತೆ ಕುಂಡದ ಮುಂದೆ ಕೂತರು.

ಗೋಡೆಯ ಅವಸ್ಥೆ ನೋಡಲು ಮೇಷ್ಟ್ರು ಕಳೆದ ಭಾನುವಾರ ಮನೆಗೆ ಬಂದರು. ಅತ್ತೆಗೆ ಸಮಾಧಾನ ಹೇಳಿದವರೂ ಅವರೇ: ಎಲೆ ತುಂಡರಿಸಿ ನೆಟ್ಟರೆ ಅಂಚು ಬರುವುದಿಲ್ಲ ಅಮ್ಮಾವರೇ, ಬುಡದ ಮರಿ ಕಿತ್ತು ನೆಟ್ಟರೆ ಮಾತ್ರ ಉಳಿಯುತ್ತದೆ, ನಿಮ್ಮ ಕೈಯ ದೋಷವಲ್ಲ. ಅತ್ತೆ ಖುಷಿಯಾಗಿ, ತಮ್ಮ ವಿದ್ಯೆಯನ್ನೂ ತೋರಿಸಿದರು. ‘ಸ್ಯಾನ್ಸೆವೀರಿಯಾ ಟ್ರೈಫ್ಯಾಸಿಯಾಟಾ ಅಲ್ಲವೇ?’

ಮೇಷ್ಟ್ರು ಬೆರಗಾದರು. ನಲವತ್ತು ವರ್ಷ ಪಾಠ ಹೇಳಿದ ಬಾಯಿ, ಅಲ್ಲಿಗೇ ನಿಲ್ಲಬಾರದೇ? ‘ಬಹಳ ಸರಿ. ಆದರೆ 2017ರಲ್ಲಿ ಹೆಸರು ಬದಲಾಯಿತು. ವಂಶವಾಹಿಗಳನ್ನು ಪರೀಕ್ಷಿಸಿ ಆ ಮನೆತನವನ್ನೇ ಇನ್ನೊಂದರೊಳಗೆ ಸೇರಿಸಿಬಿಟ್ಟರು. ಈಗ ಇದು ಡ್ರಸೀನಾ ಟ್ರೈಫ್ಯಾಸಿಯಾಟಾ.’

‘ಒಂದು ಗಿಡಕ್ಕೆ ಒಂದೇ ಆಧಾರ್ ಎಂದಿದ್ದಿರಿ’ ಎಂದೆ ನಾನು, ಮಾತು ತಿರುಗಿಸಲು.

‘ಅಪ್‌ಡೇಟ್ ಮಾಡಿಸಬೇಕಾಗುತ್ತದಲ್ಲ’ ಎಂದರು ಮೇಷ್ಟ್ರು.

ಅತ್ತೆ ಹೊಸ ಹೆಸರನ್ನು ಎರಡು ಸಲ ಬಾಯಲ್ಲಿ ಹೊರಳಿಸಿದರು. ‘ಡ್ರಸೀನಾ. ಇದೂ ಚೆನ್ನಾಗಿದೆ. ಹಾಗೆಂದರೆ ಏನು ಅರ್ಥ?’

ಡ್ರಕೈನಾ ಎಂದರೆ ಗ್ರೀಕ್‌ನಲ್ಲಿ ಹೆಣ್ಣು ಘಟಸರ್ಪ. ಮೇಷ್ಟ್ರಿಗೆ ಅದು ಗೊತ್ತು. ನನಗೂ ಗೊತ್ತು. ಅವರು ಕಾಫಿಯ ಲೋಟ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, ‘ಗ್ರೀಕ್ ಭಾಷೆಯಲ್ಲಿ ಅಮ್ಮಾವರೇ...’ ಎಂದು ತೊಡಗಿದರು.

‘ಅಯ್ಯೋ, ಹಾಲು ಉಕ್ಕುತ್ತಿದೆ!’ ಎಂದು ನಾನು ಒಳಗೆ ಓಡಿದೆ. ಒಲೆಯ ಮೇಲೆ ಏನೂ ಇರಲಿಲ್ಲ.