ಕ್ಯಾಮೆರಾ ಹಿಡಿದ ಮೇಲೆ ನೆಂಟನಾದೆ

2023ರ ಸೆಪ್ಟೆಂಬರ್. ಕೊಚ್ಚಿಯ ಇನ್ಫೋಪಾರ್ಕ್ ಹತ್ತಿರದ ಹೋಟೆಲೊಂದರಲ್ಲಿ ಡೆಬ್‌ಕಾನ್ ನಡೆಯುತ್ತಿತ್ತು. ಡೆಬಿಯನ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಕಟ್ಟುವವರು ವರ್ಷಕ್ಕೊಮ್ಮೆ ಸೇರುವ ಸಮ್ಮೇಳನ ಅದು. ಸುಮ್ನೆ ಒಂದೆರಡು ಭಾಷಣ ಕೇಳಿ ಬರೋಣ ಅಂತ ಹೋಗಿದ್ದೆ. ಕಾಲೇಜು ಹುಡುಗಿಯೊಬ್ಬಳು ಬಂದು, "ಚೇಟ್ಟಾ, ಕ್ಯಾಮೆರಾಕ್ಕೆ ಒಬ್ಬರು ಕಮ್ಮಿ ಇದ್ದಾರೆ, ಹಿಡೀತೀರಾ?" ಅಂದಳು. ನನಗೆ ಬರಲ್ಲ ಅಂದೆ. "ಐದು ನಿಮಿಷದಲ್ಲಿ ಬರುತ್ತೆ" ಅಂದಳು.

ಬಂತು. ಕಿವಿಗೆ ಹೆಡ್‌ಸೆಟ್ ಕೊಟ್ಟಳು, ಟ್ರೈಪಾಡಿನ ಹಿಡಿ ತಿರುಗಿಸೋದು ತೋರಿಸಿದಳು, ಮುಗೀತು. "ಸ್ವಲ್ಪ ಎಡಕ್ಕೆ, ಹಾಂ, ಸಾಕು" ಅಂತ ಕಿವಿಯಲ್ಲಿ ಯಾರೋ ಹೇಳುತ್ತಿದ್ದರು. ಭಾಷಣ ಮಾಡುವವರು ಒಂದು ಕಡೆ ನಿಲ್ಲುವ ಆಸಾಮಿ ಅಲ್ಲ. ಮುಕ್ಕಾಲು ಗಂಟೆ ನಾನು ಮೂಗು ಕೂಡ ಕೆರೆದುಕೊಳ್ಳಲಿಲ್ಲ. ಅವರು ಏನು ಹೇಳಿದರು ಅಂತ ಕೇಳಿದರೆ ಈಗಲೂ ಗೊತ್ತಿಲ್ಲ. ಆದರೆ ಊಟಕ್ಕೆ ಕೂತಾಗ ಕಿವಿಯಲ್ಲಿ ಮಾತಾಡಿದವರೂ ಮೈಕ್ ನೋಡಿಕೊಂಡವನೂ ಪಕ್ಕದಲ್ಲೇ ಇದ್ದರು. ಮಾರನೇ ದಿನ ಇನ್ನೊಬ್ಬ ಹೊಸಬನಿಗೆ ನಾನೇ ಕ್ಯಾಮೆರಾ ಹೇಳಿಕೊಟ್ಟೆ.

ನಮ್ಮ ಕೊಡಗಿನ ಕಾಲೇಜೊಂದರಲ್ಲಿ ಕೆಲವು ವರ್ಷಗಳ ಹಿಂದೆ ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ತೆರೆದು ನೋಡಿ ತಿದ್ದಬಹುದಾದ ಸಾಫ್ಟ್‌ವೇರ್, ಅದರ ಕಾರ್ಯಾಗಾರಕ್ಕೆ ಹೋಗಿದ್ದೆ. ದೀಪ, ಶಾಲು, ಹಣ್ಣಿನ ಬುಟ್ಟಿ, ಸ್ವಾಗತ ಎಲ್ಲ ಮುಗಿಯುವಾಗ ಹನ್ನೆರಡು. ಎದೆಗೆ ಬ್ಯಾಡ್ಜ್ ಹಾಕಿಕೊಂಡ ಹುಡುಗರು ಕುರ್ಚಿ ಹೊತ್ತರು, ಕಾಫಿ ಹಂಚಿದರು. ಅವರೂ ಭಾಷಣ ಕೇಳಲಿಲ್ಲ, ನಾನೂ ಕೊಚ್ಚಿಯಲ್ಲಿ ಕೇಳಲಿಲ್ಲ. ಹಾಗಾದ್ರೆ ವ್ಯತ್ಯಾಸ ಏನು? ನನ್ನ ಕೈ ತಪ್ಪಿದ್ದರೆ ವಿಡಿಯೊ ಕೆಡುತ್ತಿತ್ತು. ಆ ಹುಡುಗರ ಕೈಗೆ ಕೆಡುವಂಥದ್ದು ಏನನ್ನೂ ಯಾರೂ ಕೊಟ್ಟಿರಲಿಲ್ಲ.

ಕೇರಳದವರಿಗೆ ಹೀಗೆ ಕೂಡಿ ದುಡಿಯೋದು ಒಂದೇ ದಿನದಲ್ಲಿ ಬಂದದ್ದಲ್ಲ ಬಿಡಿ. ಅಲ್ಲಿನ ಸರ್ಕಾರಿ ಶಾಲೆಗಳ ಕಂಪ್ಯೂಟರಿನಲ್ಲಿ ವರ್ಷಗಳಿಂದ ಲಿನಕ್ಸ್ ಇದೆ, ಡೆಬಿಯನ್ ಅದರದೇ ಒಂದು ರೂಪ. ಡೆಬ್‌ಕಾನ್‌ಗೆ ಮೊದಲೇ, 2022ರ ನವೆಂಬರಿನಲ್ಲಿ, ಪಾಲಕ್ಕಾಡಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಚಿಕ್ಕದೊಂದು ಮಿನಿ ಡೆಬ್‌ಕಾನ್ ಮಾಡಿ ಕೈ ಪಳಗಿಸಿಕೊಂಡಿದ್ದರು.

ಹಾಗಂತ ಕೊಡಗಿನವರಿಗೆ ಕೂಡಿ ದುಡಿಯೋದು ಬರಲ್ಲ ಅಂದರೆ ನಾನು ಒಪ್ಪಲ್ಲ. ಕೊಡವ ಹಾಕಿ ಹಬ್ಬ ನೋಡಿ. 1997ರಲ್ಲಿ ಕರಡದಲ್ಲಿ 60 ಒಕ್ಕಗಳಿಂದ, ಅಂದರೆ ಮನೆತನಗಳಿಂದ, ಶುರುವಾದದ್ದು, 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ. ಪ್ರತಿ ಸಲ ಬೇರೆ ಒಕ್ಕ ಹೊಣೆ ಹೊರುತ್ತದೆ, ಟ್ರೋಫಿಗೂ ಅದೇ ಹೆಸರು. ಡೆಬ್‌ಕಾನ್ ಕೂಡ ಹೀಗೆಯೇ ಊರೂರು ತಿರುಗುತ್ತದೆ. 2022ರಲ್ಲಿ ಕೊಸೊವೊ, 2023ರಲ್ಲಿ ಕೊಚ್ಚಿ, 2024ರಲ್ಲಿ ಕೊರಿಯಾದ ಬೂಸಾನ್. ನಾವು ಮಾಡ್ತೀವಿ ಅಂತ ಆಯಾ ಊರಿನವರೇ ಮುಂದೆ ಬರಬೇಕು.

ಒಂದು ಮಾತ್ರ ಬೇರೆ. ಹಾಕಿ ಹಬ್ಬದಲ್ಲಿ ಒಕ್ಕದ ಹೆಸರೇ ಜನರನ್ನು ಎಳೆದು ತರುತ್ತದೆ. ಡೆಬಿಯನ್‌ಗೆ ಅಂಥ ಮನೆತನ ಇಲ್ಲ. ಅದಕ್ಕೇ ಅವರು ಎಲ್ಲವನ್ನೂ ಬರೆದಿಡುತ್ತಾರೆ. ಊಟದ ಲೆಕ್ಕದಿಂದ ಹಿಡಿದು ಯಾವ ಕೇಬಲ್ ಎಲ್ಲಿಗೆ ಅನ್ನೋವರೆಗೆ. ಮುಂದಿನ ಊರಿನವರು ಅದನ್ನು ತೆರೆದು ಓದಿಕೊಳ್ಳಬಹುದು.

ನಾನು ಬರೆದಿಟ್ಟಿರಲಿಲ್ಲ. ಮಡಿಕೇರಿಯಲ್ಲಿ ಓದುವಾಗ ಆರು ಜನ ಸೇರಿ ಲಿನಕ್ಸ್ ಗುಂಪು ಮಾಡಿದ್ದೆವು. ಶನಿವಾರ ಸಂಜೆ ಯಾರದ್ದಾದರೂ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಡೋದು. ಜಾಗ ಕೇಳೋದು, ಜನ ಕರೆಯೋದು, ಪೆನ್‌ಡ್ರೈವ್ ಸಿದ್ಧ ಮಾಡೋದು ಎಲ್ಲ ನಾನೇ. ದೊಡ್ಡ ಮನುಷ್ಯ ಅಲ್ವಾ! ಕೆಲಸ ಸಿಕ್ಕಿ ಕೊಚ್ಚಿಗೆ ಬಂದೆ, ಗುಂಪು ಅವತ್ತೇ ಮುಗೀತು. ಕೊಡಗಿನಲ್ಲಿ ಡಿಗ್ರಿ ಆದವರು ಊರು ಬಿಡೋದು ಮಾಮೂಲಿ, ಅದು ಗೊತ್ತಿದ್ದೂ ಯಾರಿಗೂ ಏನೂ ಹೇಳಿಕೊಟ್ಟಿರಲಿಲ್ಲ. ಆ ಪೆನ್‌ಡ್ರೈವ್‌ಗಳು ಇವತ್ತಿಗೂ ನನ್ನ ಡ್ರಾಯರಿನಲ್ಲೇ ಇವೆ.

ಮೊನ್ನೆ ಗೋಣಿಕೊಪ್ಪದಲ್ಲಿ ಓದುವ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದೆ. ಒಂದು ದಿನದ ಸಣ್ಣ ಸಮ್ಮೇಳನ ಮಾಡೋಣ ಅಂದೆ. ಮಳೆಗಾಲದಲ್ಲಿ ಕರೆಂಟಿರಲ್ಲ, ನವೆಂಬರಿನಿಂದ ಕಾಫಿ ಕೊಯ್ಲು, ಬೇಸಿಗೆಯಲ್ಲಿ ಹಾಕಿ. ಅಕ್ಟೋಬರ್ ಒಂದೇ ಉಳಿಯಿತು. ಪೆನ್‌ಡ್ರೈವ್ ಕಳಿಸ್ತೀನಿ, ಈ ಸಲ ನೀನೇ ನಡೆಸು, ನಾನು ಕ್ಯಾಮೆರಾ ಹಿಡೀತೀನಿ ಅಂದೆ. ಖುಷಿಯಾದ. ಸ್ವಲ್ಪ ಹೊತ್ತು ಯೋಚಿಸಿ ಕೇಳಿದ:

"ಅಣ್ಣಾ, ಉದ್ಘಾಟನೆಗೆ ಯಾರನ್ನ ಕರೆಯೋದು?"