ಡ್ರೋನ್ ಇದೆ, ಟ್ಯೂಬ್ ಇಲ್ಲ

ಯುಗಾದಿಯ ಬೇವು ಇನ್ನೂ ನಾಲಿಗೆಯ ಮೇಲಿರುವಾಗಲೇ ಅಪಾರ್ಟ್‌ಮೆಂಟಿನ ಲಿಫ್ಟಿನೊಳಗೆ ಪೋಸ್ಟರ್ ಬಂದು ಕೂತಿರುತ್ತದೆ. ಹಸಿರು ಗುಡ್ಡ, ತಂತಿಗೆ ನೇತುಬಿದ್ದು ನಗುತ್ತಿರುವ ಒಂದು ಮಗು, ಕೆಳಗೆ ದಪ್ಪಕ್ಷರ: "ಮೊಬೈಲಿನಿಂದ ಮುಕ್ತಿ! ಮಲೆನಾಡಿನ ಮಡಿಲಲ್ಲಿ 10 ದಿನಗಳ ವಸತಿ ಶಿಬಿರ. ಹೆಸರು ನೋಂದಾಯಿಸಲು ಈ ಕ್ಯೂಆರ್ ಕೋಡನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ." ಅದರ ಕೆಳಗಿನ ಎರಡು ಸಾಲು ಇನ್ನೂ ಸೊಗಸು. ಒಂದು, "ನೆಟ್‌ವರ್ಕೇ ಸಿಗದ ಪ್ರಶಾಂತ ತಾಣ." ಇನ್ನೊಂದು, "24 ಗಂಟೆಯೂ ಡಾಕ್ಟರ್ ಆನ್ ಕಾಲ್." ಕಾಲ್ ಎಲ್ಲಿಂದ ಮಾಡುತ್ತೀರಿ ಸ್ವಾಮಿ ಅಂತ ಯಾರೂ ಕೇಳುವುದಿಲ್ಲ. ಅಷ್ಟರಲ್ಲಿ ಮಹಡಿ ಬಂದಿರುತ್ತದೆ.

ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಶಾಲೆಗೆ ರಜ. ಹಿಂದೆ ಈ ರಜಕ್ಕೆ ಅಜ್ಜಿಮನೆ ಎಂಬ ವ್ಯವಸ್ಥೆ ಇತ್ತು. ಅಲ್ಲಿ ಮಗು ಮಣ್ಣಾಡುತ್ತಿತ್ತು, ಬುಗುರಿ ಬಿಡುತ್ತಿತ್ತು, ಬೆನ್ನಿಗೆ ಬೆಂಡು ಕಟ್ಟಿಸಿಕೊಂಡು ಸೋದರಮಾವನ ಕಣ್ಣೆದುರೇ ಬಾವಿಯಲ್ಲಿ ಈಜು ಕಲಿಯುತ್ತಿತ್ತು, ಹಲಸಿನ ಹಣ್ಣು ತಿಂದು ಹೊಟ್ಟೆ ಕೆಡಿಸಿಕೊಳ್ಳುತ್ತಿತ್ತು. ಸರ್ಟಿಫಿಕೇಟ್ ಮಾತ್ರ ಸಿಗುತ್ತಿರಲಿಲ್ಲ. ಆ ಕೊರತೆಯನ್ನು ಶಿಬಿರಗಳು ನೀಗಿಸಿವೆ. ಈಗ ಎಂಟನೇ ದಿನ ಬೆಳಿಗ್ಗೆ 11ರಿಂದ 11.45ರವರೆಗೆ "ಅಜ್ಜಿಮನೆ ಅನುಭವ". ಪಕ್ಕದ ಹಳ್ಳಿಯಿಂದ ದಿನಗೂಲಿಗೆ ಕರೆತಂದ ಅಜ್ಜಿಯೊಬ್ಬರು ಮಲೆನಾಡಿನ ನಡುವೆ ಇಳಕಲ್ ಸೀರೆ ಉಟ್ಟು ಬೀಸುವ ಕಲ್ಲಿನ ಮುಂದೆ ಕೂರುತ್ತಾರೆ. 60 ಮಕ್ಕಳು ಸಾಲಾಗಿ ಬಂದು ಒಂದೊಂದು ಸುತ್ತು ತಿರುಗಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಸ್ವಂತ ಅಜ್ಜಿ ಅರ್ಧ ಗಂಟೆ ದೂರದ ಊರಿನಲ್ಲಿ ಹಪ್ಪಳ ಒಣಗಿಸುತ್ತಾ, ಈ ಸಲವೂ ಮೊಮ್ಮಗ ಬರಲಿಲ್ಲವಲ್ಲ ಅಂತ ಕೂತಿರುತ್ತಾಳೆ.

ಅರ್ಜಿ ನಮೂನೆಯಿಂದ ಶುರು ಮಾಡೋಣ. ಅದರಲ್ಲಿ ಟೀ ಶರ್ಟಿನ ಅಳತೆಗೆ ಕೆಂಪು ಚುಕ್ಕಿ, ಅಂದರೆ ತುಂಬದಿದ್ದರೆ ಮುಂದಕ್ಕೆ ಹೋಗುವುದೇ ಇಲ್ಲ. ತಂದೆಯ ಹುದ್ದೆ ಕಡ್ಡಾಯ, ಇನ್‌ಸ್ಟಾಗ್ರಾಂ ಹೆಸರು ಕಡ್ಡಾಯ. ಮಗುವಿನ ತೂಕ? ಕೇಳಿಲ್ಲ. ಜ್ವರದ ಔಷಧ ಕೊಡುವುದು ಅಂಗಿಯ ಅಳತೆ ನೋಡಿ ಅಲ್ಲ. ಪ್ಯಾರಾಸಿಟಮಾಲ್ ಲೆಕ್ಕ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ. ಅಂಗಡಿಯಲ್ಲಿ ಸಿಗುವ ಸಿರಪ್‌ಗಳಲ್ಲಿ ಒಂದರಲ್ಲಿ 5 ಮಿ.ಲೀ.ಗೆ 120 ಮಿಲಿಗ್ರಾಂ, ಇನ್ನೊಂದರಲ್ಲಿ 250. 20 ಕಿಲೋ ತೂಗುವ ಮಗುವಿಗೆ ಮೊದಲನೆಯದು 10 ಮಿ.ಲೀ. ಕೊಟ್ಟರೆ ಸರಿಹೋಗುತ್ತದೆ. ಎರಡನೆಯದನ್ನೂ ಅದೇ ಮುಚ್ಚಳದಲ್ಲಿ ಅಷ್ಟೇ ಅಳೆದರೆ ಬೇಕಾದ್ದರ ಎರಡರಷ್ಟು. ಅಳೆಯುವವನು ಮೊನ್ನೆ ತಾನೇ ಬಿ.ಕಾಂ. ಎರಡನೇ ವರ್ಷದ ಪರೀಕ್ಷೆ ಮುಗಿಸಿ ಬಂದ "ಫೆಸಿಲಿಟೇಟರ್". ಆದ್ದರಿಂದ ತೂಕ, ಔಷಧದ ಹೆಸರು, ಅದರ ಶಕ್ತಿ, ಎಷ್ಟು ಮಿ.ಲೀ., ಎಷ್ಟು ಹೊತ್ತಿಗೆ, ಇಷ್ಟನ್ನೂ ಹಾಳೆಯಲ್ಲಿ ಬರೆದು ಬಾಟಲಿಗೇ ರಬ್ಬರ್ ಬ್ಯಾಂಡ್ ಹಾಕಿ ಕಳಿಸಿ. ಉಬ್ಬಸವಿದ್ದರೆ ಇನ್‌ಹೇಲರ್ ಜೊತೆ ಅದಕ್ಕೆ ಸಿಕ್ಕಿಸುವ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆಯೂ ಬೇಕು, ಬರೀ ಇನ್‌ಹೇಲರ್ ಬಾಯಿಗಿಟ್ಟರೆ ಮದ್ದು ಬಹುಪಾಲು ಗಂಟಲಲ್ಲೇ ಉಳಿಯುತ್ತದೆ. ಕಡಲೆಕಾಯಿ ಒಗ್ಗದ ಮಗುವಾದರೆ ಕಚೇರಿಗೆ ಹೇಳಿ ಪ್ರಯೋಜನವಿಲ್ಲ, ಚಟ್ನಿ ರುಬ್ಬುವ ಭಟ್ಟರಿಗೇ ಹೇಳಬೇಕು.

ಈಗ ಜನಬಲ. "ಪ್ರತಿ 5 ಮಕ್ಕಳಿಗೆ ಒಬ್ಬ ಸಿಬ್ಬಂದಿ" ಎಂದು ಕರಪತ್ರ ಎದೆಯುಬ್ಬಿಸುತ್ತದೆ. 60 ಮಕ್ಕಳಿಗೆ 12 ಜನ, ಲೆಕ್ಕ ಸರಿಯಾಗೇ ಇದೆ. ಆ 12ರಲ್ಲಿ ಅಡುಗೆಯವರು ಇಬ್ಬರು, ಬಡಿಸುವಾಕೆ ಒಬ್ಬರು, ಡ್ರೈವರ್ ಒಬ್ಬ, ವಾಚ್‌ಮನ್ ಒಬ್ಬ, ಕ್ಯಾಮೆರಾದವರು ಇಬ್ಬರು, ಮೈಕ್ ಬಿಡದ ನಿರ್ದೇಶಕರು ಒಬ್ಬರು. ಉಳಿದ ನಾಲ್ವರು ಮಕ್ಕಳ ಜೊತೆಗಿರುವವರು. ಅಂದರೆ 15 ಮಕ್ಕಳಿಗೆ ಒಬ್ಬರು, ಅದೂ ಆ ನಾಲ್ವರಲ್ಲಿ ಒಬ್ಬ ಹುಟ್ಟುಹಬ್ಬದ ಕೇಕ್ ತರಲು ಪೇಟೆಗೆ ಹೋಗದಿದ್ದರೆ. ಇಂಥ ಶಿಬಿರಗಳನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದ ಅಮೆರಿಕದಲ್ಲಿ, ಅಲ್ಲಿನ ಕ್ಯಾಂಪ್ ಅಸೋಸಿಯೇಶನ್ ಇಟ್ಟುಕೊಂಡಿರುವ ಅಳತೆ ಬೇರೆ: ರಾತ್ರಿ ಉಳಿಯುವ ಶಿಬಿರವಾದರೆ 6ರಿಂದ 8 ವರ್ಷದ ಆರು ಮಕ್ಕಳಿಗೆ ಒಬ್ಬರು, 9ರಿಂದ 14ರ ಎಂಟು ಮಕ್ಕಳಿಗೆ ಒಬ್ಬರು. ಅದರಲ್ಲಿ ಭಟ್ಟರನ್ನು ಸೇರಿಸುವುದಿಲ್ಲ. ಪ್ರಶ್ನೆ ಕೇಳುವುದಾದರೆ "ಎಷ್ಟು ಸಿಬ್ಬಂದಿ" ಅಂತ ಕೇಳಬೇಡಿ. "ರಾತ್ರಿ 2 ಗಂಟೆಗೆ ನನ್ನ ಮಗು ಎದ್ದು ಅತ್ತರೆ ಯಾರು ಏಳುತ್ತಾರೆ, ಅವರು ಎಲ್ಲಿ ಮಲಗಿರುತ್ತಾರೆ" ಅಂತ ಕೇಳಿ. ಉತ್ತರದಲ್ಲಿ ಒಬ್ಬರ ಹೆಸರು ಬರಬೇಕು. "ನಮ್ಮ ಟೀಮ್ ಇರುತ್ತೆ ಮೇಡಂ" ಎಂದು ಬಂದರೆ ಆ ಟೀಮ್ ರೆಸಾರ್ಟಿನ ಇನ್ನೊಂದು ತುದಿಯಲ್ಲಿ ಮಲಗಿರುತ್ತದೆ ಎಂದು ಅರ್ಥ.

ವೇಳಾಪಟ್ಟಿ ಓದಿದರೆ ಗುರುಕುಲವೂ ನಾಚಬೇಕು. 5.30ಕ್ಕೆ ಏಳುವುದು, ಸ್ನಾನ, 6ಕ್ಕೆ ಯೋಗ. ಬಚ್ಚಲು ನಾಲ್ಕು, ಮಕ್ಕಳು 60. ಒಬ್ಬರಿಗೆ 8 ನಿಮಿಷ ಹಿಡಿದರೂ ಕೊನೆಯ ಮಗು ಹೊರಬರುವಾಗ 7.30. ಆದ್ದರಿಂದ ಎರಡನೇ ದಿನವೇ ಸ್ನಾನ "ಐಚ್ಛಿಕ" ಆಗುತ್ತದೆ. ಅದು ಪರವಾಗಿಲ್ಲ, ಸ್ನಾನ ತಪ್ಪಿಸಿಕೊಂಡ ಸಂತೋಷದಲ್ಲೇ ಮಕ್ಕಳು ಅರ್ಧ ಶಿಬಿರ ಕಳೆದುಬಿಡುತ್ತಾರೆ. ತೊಂದರೆ ಇರುವುದು ಪಾಯಖಾನೆಯಲ್ಲಿ. ಮನೆಯ ಕಮೋಡ್ ಬಿಟ್ಟು ಬೇರೆ ಕಂಡಿಲ್ಲದ ಮಗು, ಚಿಲಕವಿಲ್ಲದ ಬಾಗಿಲು, ಹೊರಗೆ ಬಡಿಯುತ್ತಿರುವ ಹತ್ತು ಜನ. ಮಗು ಎರಡಕ್ಕೆ ಹೋಗುವುದನ್ನೇ ನಿಲ್ಲಿಸುತ್ತದೆ. ಒಂದಕ್ಕೂ ಹೋಗಬಾರದೆಂದು ನೀರು ಕುಡಿಯುವುದನ್ನು ನಿಲ್ಲಿಸುತ್ತದೆ. ಬಿಸಿಲು ಬೇರೆ. ಮೂರನೇ ದಿನ ಹೊಟ್ಟೆನೋವು, ನಾಲ್ಕನೇ ದಿನ ಉರಿಮೂತ್ರ. ಕರಪತ್ರದಲ್ಲಿ ಇದಕ್ಕೆ "ಒಳಗಣ ಶಕ್ತಿಯ ಜಾಗೃತಿ" ಎಂಬ ಹೆಸರಿರಬಹುದು. ನೋಡಲು ಹೋದಾಗ ಲಾನು, ಸ್ವಾಗತದ ಪಾನಕ ಎರಡನ್ನೂ ಬದಿಗಿಟ್ಟು ನೇರ ಪಾಯಖಾನೆಗೆ ಹೋಗಿ. ಚಿಲಕ ಹಾಕಿ ನೋಡಿ, ಮಗ್ ಇದೆಯೇ ನೋಡಿ, ಮಲಗುವ ಕೋಣೆಯಿಂದ ಅಲ್ಲಿಗೆ ರಾತ್ರಿ ದೀಪ ಉರಿಯುತ್ತದೆಯೇ ಕೇಳಿ. ಮಗುವಿನ ಚೀಲಕ್ಕೆ ಒಂದು ಟಾರ್ಚು ಹಾಕಿ, ಒಳಚಡ್ಡಿ ದಿನಕ್ಕೊಂದರ ಮೇಲೆ ಎರಡು ಹೆಚ್ಚಿಗೆ ಇಡಿ.

ಊಟದ ಪಟ್ಟಿಯಲ್ಲಿ ಸಿರಿಧಾನ್ಯ, ಮೊಳಕೆಕಾಳು, ಎಲ್ಲ ಸಾತ್ವಿಕ. ಮೂರನೇ ರಾತ್ರಿ ನೂಡಲ್ಸ್. ಅದನ್ನು ಮನ್ನಿಸೋಣ, ಬಿಸಿಬಿಸಿಯಾಗಿರುತ್ತದೆ. ಮನ್ನಿಸಬಾರದ್ದು ಚಾರಣದ ಚಿತ್ರಾನ್ನ. ಬೆಳಿಗ್ಗೆ 5ಕ್ಕೆ ಕಲಸಿ, ಬಿಸಿ ಇರುವಾಗಲೇ ಪೊಟ್ಟಣ ಕಟ್ಟಿ, ಜೀಪಿನ ಹಿಂದೆ ಬಿಸಿಲಿಗಿಟ್ಟು ಮಧ್ಯಾಹ್ನ 2ಕ್ಕೆ ಬಿಚ್ಚಿದರೆ ಅದು ಚಿತ್ರಾನ್ನವಲ್ಲ. ಬೆಂದ ಅನ್ನದಲ್ಲಿ ಬದುಕುಳಿಯುವ ಕೆಲವು ಬ್ಯಾಕ್ಟೀರಿಯಾಗಳು ಆ ಬೆಚ್ಚನೆಯಲ್ಲಿ ವಿಷ ಕೂಡಿಡುತ್ತವೆ, ಮತ್ತೆ ಬಿಸಿ ಮಾಡಿದರೂ ಅದು ಹೋಗುವುದಿಲ್ಲ. ಸಂಜೆಗೆ 20 ಮಕ್ಕಳಿಗೆ ವಾಂತಿ. ಆಗ ಓಆರ್‌ಎಸ್ ಪೊಟ್ಟಣ ಹೊರಬರುತ್ತದೆ, ಇಡೀ ಲೀಟರ್ ನೀರಿಗೆ ಹಾಕಬೇಕಾದ್ದನ್ನು ಒಂದು ಲೋಟಕ್ಕೆ ಸುರಿಯುತ್ತಾರೆ. ಉಪ್ಪುಪ್ಪು ನೀರು ಕುಡಿದು ಮಗು ಇನ್ನೊಮ್ಮೆ ಕಾರಿಕೊಳ್ಳುತ್ತದೆ.

ಇನ್ನು ಡ್ರೋನಿನ ವಿಷಯ. ಶಿಬಿರದ ಹೃದಯ ಇರುವುದು ಅಲ್ಲೇ. ಮೊಬೈಲಿನಿಂದ ಮಕ್ಕಳಿಗೆ ಮುಕ್ತಿ ಸಿಕ್ಕ ದಿನವೇ ಅಪ್ಪ ಅಮ್ಮಂದಿರ ವಾಟ್ಸ್ಆ್ಯಪ್ ಗುಂಪು ಶುರುವಾಗುತ್ತದೆ. ದಿನಕ್ಕೆ ನೂರೈವತ್ತು ಫೋಟೊ. "ನಮ್ಮ ಆರ್ಯನ್ ಕಾಣಿಸ್ತಿಲ್ಲ ಸಾರ್, ಒಂದು ಹಾಕಿ" ಎಂಬ ಸಂದೇಶ ಬಂದರೆ, ಆಡುತ್ತಿದ್ದ ಆರ್ಯನ್‌ನನ್ನು ಆಟದಿಂದ ಎಳೆದು ತಂದು "ಆಡುತ್ತಿರುವಂತೆ" ನಿಲ್ಲಿಸಿ ಫೋಟೊ ತೆಗೆದು ಕಳಿಸುತ್ತಾರೆ. ನೆಟ್‌ವರ್ಕ್ ಇಲ್ಲದ ತಾಣದಿಂದ ಫೋಟೊ ಹೇಗೆ ಬರುತ್ತದೆ? ಕ್ಯಾಮೆರಾದವನಿಗೆ ಬೈಕ್ ಕೊಟ್ಟಿದ್ದಾರೆ. ದಿನಕ್ಕೆರಡು ಸಲ ಗುಡ್ಡ ಹತ್ತಿ ಕಳಿಸಿ ಬರುತ್ತಾನೆ. ಜೀಪು ಪೇಟೆಗೆ ಹೋಗಿದ್ದರೆ ಜ್ವರ ಬಂದ ಮಗುವಿಗೆ ಬೇರೆ ಗಾಡಿ ಇಲ್ಲ, ಬೈಕ್ ಗುಡ್ಡದಿಂದ ಇಳಿಯುವವರೆಗೆ ಕಾಯಬೇಕು.

ಕೆರೆಯ ದಂಡೆಯಲ್ಲಿ 40 ಮಕ್ಕಳು ನೀರಾಡುವಾಗ ಮೇಲೆ ಡ್ರೋನ್ ಸುತ್ತುತ್ತಿರುತ್ತದೆ, ಸಿಬ್ಬಂದಿಯ ಕಣ್ಣೆಲ್ಲ ಮೇಲಕ್ಕೆ. ದಡದಲ್ಲಿ ಗಾಳಿ ತುಂಬಿದ ಒಂದು ಲಾರಿ ಟ್ಯೂಬ್ ಇಲ್ಲ, ಎಸೆಯಲು ಒಂದು ಹಗ್ಗವಿಲ್ಲ. ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವಂತೆ ಕೈಬೀಸಿ ಕೂಗುವುದಿಲ್ಲ. ಉಸಿರಾಟಕ್ಕೇ ಬಾಯಿ ಸಾಲದಿರುವಾಗ ಕೂಗುವುದೆಲ್ಲಿಂದ? ಸದ್ದಿಲ್ಲದೆ ಒಂದು ನಿಮಿಷದೊಳಗೆ ಒಳಗೆ ಹೋಗುತ್ತದೆ. 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನರಿದ್ದರು, ಎಷ್ಟೋ ಮಕ್ಕಳಿಗೆ ಲೈಫ್ ಜಾಕೆಟ್ ಇರಲಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲು ಮುಳಬಾಗಿಲಿನ ಕಡೆಯ ವಸತಿ ಶಾಲೆಯ ನಾಲ್ವರು ಹುಡುಗಿಯರನ್ನು ಎಳೆದುಕೊಂಡಿತು. ಇದರಲ್ಲಿ ತಮಾಷೆ ಮಾಡುವಂಥದ್ದು ಏನೂ ಇಲ್ಲ.

ಜಾಕೆಟ್ ಇದ್ದರೂ ಸಾಲದು. ದೊಡ್ಡವರದನ್ನು ಮಗುವಿಗೆ ತೊಡಿಸಿದರೆ ನೀರಿನಲ್ಲಿ ಜಾಕೆಟ್ ತೇಲುತ್ತದೆ, ಮಗು ಅದರ ಕೆಳಗಿಂದ ಜಾರಿ ಹೋಗುತ್ತದೆ. ತೊಡಿಸಿ, ಬಕಲ್‌ಗಳನ್ನೆಲ್ಲ ಹಾಕಿ, ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಿ. ಜಾಕೆಟ್ ಕಿವಿಯವರೆಗೆ ಬಂದರೆ ಅದು ಆ ಮಗುವಿನದಲ್ಲ. ದಾಂಡೇಲಿಯ ಕಡೆ ನದಿ ಅಂದರೆ ಇನ್ನೊಂದು ಪ್ರಶ್ನೆ ಕೇಳಿ: ಸೂಪಾ ಅಣೆಕಟ್ಟಿನಿಂದ ಇವತ್ತು ಎಷ್ಟು ಹೊತ್ತಿಗೆ ನೀರು ಬಿಡುತ್ತಾರೆ, ವಿಚಾರಿಸಿದವರು ಯಾರು? 2014ರ ಜೂನಿನಲ್ಲಿ ಹಿಮಾಚಲದ ಬಿಯಾಸ್ ನದಿಯಲ್ಲಿ ಫೋಟೊ ತೆಗೆಸಿಕೊಳ್ಳುತ್ತಿದ್ದ ಹೈದರಾಬಾದಿನ 24 ವಿದ್ಯಾರ್ಥಿಗಳು, ಮೇಲಿನ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಕೊಚ್ಚಿಹೋದರು.

ಕೊನೆಯ ರಾತ್ರಿ ಕ್ಯಾಂಪ್‌ಫೈರ್. ಕಾಳ್ಗಿಚ್ಚಿನ ಕಾಲದಲ್ಲಿ ಕಾಡಿನ ಅಂಚಿನಲ್ಲಿ ಬೆಂಕಿ ಹಾಕುವುದು ಪ್ರಕೃತಿ ಪ್ರೇಮದ ಪರಾಕಾಷ್ಠೆ. ಹಸಿ ಸೌದೆ ಹತ್ತುವುದಿಲ್ಲ ಅಂತ ಮೇಲಿಂದ ಪೆಟ್ರೋಲ್. ಸುತ್ತ ಕುಣಿಯುವ ಮಕ್ಕಳ ಮೈಮೇಲೆ ಶಿಬಿರದವರೇ ಕೊಟ್ಟ, ಅಳತೆ ಕೇಳಿ ಹೊಲಿಸಿದ ಅದೇ ಪಾಲಿಯೆಸ್ಟರ್ ಟೀ ಶರ್ಟು. ಕಿಡಿ ತಾಗಿದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಆ ರಾತ್ರಿಗೆ ಹತ್ತಿ ಬಟ್ಟೆ ಹಾಕಿಕೊಳ್ಳುವಂತೆ ಮಗುವಿಗೆ ಮೊದಲೇ ಹೇಳಿಡಿ.

ಮಲೆನಾಡು ಅಂದಮೇಲೆ ಉಣುಗಿನ ಮಾತೂ ಬರಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಗೆ ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಕಾಲ. ಶಿಬಿರಕ್ಕೂ ಅದೇ ಕಾಲ. ತರಗೆಲೆಯ ಮೇಲೆ "ಭೂಮಿತಾಯಿಯ ಅಪ್ಪುಗೆ" ಎಂದು ಮಕ್ಕಳನ್ನು ಅಂಗಾತ ಮಲಗಿಸುವ ಚಟುವಟಿಕೆ ಕಂಡುಹಿಡಿದವರಿಗೆ ಉಣುಗುಗಳು ಸನ್ಮಾನ ಮಾಡಬೇಕು. ಮನೆಗೆ ಬಂದ ವಾರದೊಳಗೆ ಜೋರು ಜ್ವರ ಬಂದರೆ ಬೆಂಗಳೂರಿನ ವೈದ್ಯರು ಡೆಂಗಿ ಎಂದುಕೊಳ್ಳುವ ಮೊದಲೇ ಮಗು ಎಲ್ಲಿಗೆ ಹೋಗಿತ್ತು ಅಂತ ಹೇಳಿ. ಹಾವಿಗೂ ಇದೇ ಕಾಡು. "ಆಸ್ಪತ್ರೆ 10 ನಿಮಿಷ" ಎಂದರೆ ಅಲ್ಲಿ ರಾತ್ರಿ ಹಾವಿನ ವಿಷದ ಔಷಧ ಇರುತ್ತದೆಯೇ ಅಂತ ಕೇಳಿ. ಮಗು ಚಿಕ್ಕದೆಂದು ಆ ಔಷಧ ಕಡಿಮೆ ಸಾಕಾಗುವುದಿಲ್ಲ, ಹಾವು ಬಿಡುವ ವಿಷ ಎಲ್ಲರಿಗೂ ಒಂದೇ.

ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಪುಸ್ತಕ ಓದಿಸುತ್ತೇವೆ ಎನ್ನುವ "ಮಿಡ್‌ಬ್ರೇನ್" ಶಿಬಿರಗಳ ಬಗ್ಗೆ ಒಂದೇ ಮಾತು. ಮೂಗಿನ ಪಕ್ಕದ ಸಂದಿಯಿಂದ ಕಾಣುತ್ತದೆ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು ಇದನ್ನು ಎಷ್ಟೋ ವೇದಿಕೆಗಳಲ್ಲಿ ಬಯಲು ಮಾಡಿದ್ದಾರೆ. ಹೋಗಲಿ, ಆ ಶಿಬಿರದಲ್ಲಿ ಮಗು ಒಂದು ವಿದ್ಯೆಯನ್ನಂತೂ ಕಲಿಯುತ್ತದೆ: ಕಂಡದ್ದನ್ನು ಕಂಡಿಲ್ಲವೆಂದು ಹೇಳುವುದು.

ನಾಲ್ಕನೇ ಪುಟದಲ್ಲಿ ಮುಚ್ಚಳಿಕೆ. "ಯಾವುದೇ ಅನಾಹುತಕ್ಕೆ ಆಯೋಜಕರು ಹೊಣೆಯಲ್ಲ." ಅಪ್ಪ ಓದದೆ ಸಹಿ ಹಾಕುತ್ತಾನೆ, ಆಯೋಜಕರು ಅದನ್ನು ಫೈಲಿನಲ್ಲಿಟ್ಟು ನಿಶ್ಚಿಂತರಾಗುತ್ತಾರೆ. ನಿರ್ಲಕ್ಷ್ಯದಿಂದ ಜೀವ ಹೋದರೆ ಅನ್ವಯವಾಗುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಅವರ ಫೈಲು ಓದುವುದಿಲ್ಲ. ಪರವಾನಗಿ ತೋರಿಸಿ ಅಂದರೆ ರೆಸಾರ್ಟಿನ ಟ್ರೇಡ್ ಲೈಸೆನ್ಸ್, ಅಡುಗೆಮನೆಯ 14 ಅಂಕಿಯ ಆಹಾರ ಪರವಾನಗಿ ನಂಬರು, ಜಿಎಸ್‌ಟಿ ತೋರಿಸುತ್ತಾರೆ. ಕಟ್ಟಡಕ್ಕಾಯಿತು, ಸಾಂಬಾರಿಗಾಯಿತು, ತೆರಿಗೆಗಾಯಿತು. ಮಕ್ಕಳ ಜೊತೆ ಮಲಗುವವರ ಪೊಲೀಸ್ ಪರಿಶೀಲನೆ ಎಲ್ಲಿ ಎಂದರೆ, "ಅಯ್ಯೋ, ನಮ್ಮದೊಂದು ಕುಟುಂಬ ಇದ್ದ ಹಾಗೆ ಸಾರ್." 2012ರ ಪೋಕ್ಸೊ ಕಾಯ್ದೆಗೆ ಈ ಕುಟುಂಬದ ಪರಿಚಯವಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಪೊಲೀಸರಿಗೆ ತಿಳಿಸಲೇಬೇಕು, ಸಂಸ್ಥೆಯ ಮುಖ್ಯಸ್ಥ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಮಗುವಿಗೆ ಮಕ್ಕಳ ಸಹಾಯವಾಣಿ 1098 ಮತ್ತು ಮನೆಯ ನಂಬರು ಬಾಯಿಪಾಠವಾಗಿರಲಿ, ಚೀಟಿ ಕಳೆದುಹೋಗುತ್ತದೆ. ಮೊದಲ ಐದು ದಿನ ಫೋನೇ ಇಲ್ಲ, ಅತ್ತರೆ ಗಟ್ಟಿಯಾಗುತ್ತಾರೆ ಎನ್ನುವ ಶಿಬಿರಕ್ಕೆ ಕಳಿಸಬೇಡಿ. ಹಾಗೆಂದು "ಬೇಜಾರಾದ್ರೆ ಹೇಳು ಪುಟ್ಟ, ತಕ್ಷಣ ಬಂದು ಕರ್ಕೊಂಡು ಹೋಗ್ತೀನಿ" ಎಂಬ ಮಾತನ್ನೂ ಕೊಡಬೇಡಿ. ಆ ಕ್ಷಣದಿಂದ ಮಗು ಬೇಜಾರಿನದೇ ದಾರಿ ಕಾಯುತ್ತದೆ.

ಹತ್ತನೇ ದಿನ ಸಮಾರೋಪ. 60 ಮಕ್ಕಳಿಗೂ "ಅತ್ಯುತ್ತಮ ನಾಯಕ" ಸರ್ಟಿಫಿಕೇಟ್. ಹಿಂಬಾಲಕರೇ ಇಲ್ಲದ ಸೈನ್ಯ. ಹೊರಡುವಾಗ ಚೀಲ ಕೊಡಲು ಟೋಕನ್ ಕೇಳುತ್ತಾರೆ, ಮಗುವನ್ನು ಕೊಡಲು "ಯಾರ ಕಡೆಯವರು?" ಅಂತ ಕೇಳಿದರೆ ಹೆಚ್ಚು. ಕಾರಿನಲ್ಲಿ ಅಮ್ಮ ಐದು ನಕ್ಷತ್ರ ಒತ್ತಿ "ಲೈಫ್ ಚೇಂಜಿಂಗ್" ಎಂದು ಬರೆಯುತ್ತಿರುವಾಗ, ಹಿಂದಿನ ಸೀಟಿನಲ್ಲಿ ನಾಯಕ ತಲೆ ಕೆರೆದುಕೊಳ್ಳುತ್ತಿರುತ್ತಾನೆ.

ಹೇನು. ಒಂದೇ ಚಾಪೆ, ಒಂದೇ ಬಾಚಣಿಗೆ, ತಲೆಗೆ ತಲೆ ತಾಗಿಸಿ ತೆಗೆಸಿಕೊಂಡ ಗುಂಪಿನ ಫೋಟೊ. ಪರ್ಮೆತ್ರಿನ್ 1% ಲೋಷನ್ ಹಚ್ಚಿ 10 ನಿಮಿಷ ಬಿಟ್ಟು ತೊಳೆದರೆ ಹೇನು ಸಾಯುತ್ತದೆ, ಸೀರು ಉಳಿಯುತ್ತದೆ. ವಾರ, ಹತ್ತು ದಿನದಲ್ಲಿ ಇನ್ನೊಮ್ಮೆ ಹಚ್ಚಬೇಕು. ನಡುವೆ ದಿನಾ ಒದ್ದೆ ಕೂದಲಿಗೆ ಸೀರಣಿಗೆ ಹಾಕಿ ಒಂದೊಂದೇ ಎಳೆ ಬಿಡಿಸಿ ಬಾಚಬೇಕು, ತಲೆಗೆ ಅರ್ಧ ಗಂಟೆಯಾದರೂ ಬೇಕು. ಅಷ್ಟು ತಾಳ್ಮೆ ಮನೆಯಲ್ಲಿ ಯಾರಿಗಿದೆ?

ಊರಿಗೆ ಫೋನ್ ಹೋಗುತ್ತದೆ. "ಅಮ್ಮಾ, ಒಂದು ಹದಿನೈದು ದಿನದ ಮಟ್ಟಿಗೆ ಬಂದು ಹೋಗ್ತೀಯಾ? ಬರುವಾಗ ಆ ಹಳೆ ಸೀರಣಿಗೆ ತಗೊಂಡು ಬಾ."